ಗಡಿ ವಿಷಯ ಸಂಸತ್ತಲ್ಲಿ ಕೇಳ್ಬಾರ್ದಾ? ಕೊಡಗಿನ ಓದುಗರಿಗೆ ಸಂಪಾದಕರ ಉತ್ತರ

ಸುಬೇದಾರ್ ಸಾಹೇಬ್ರೆ, ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಎರಡು ಸಲ ಓದಿದೆ. ರಕ್ಷಣೆ, ವಿದೇಶಾಂಗ ವಿಷಯಗಳು ಸಂಸತ್ತಲ್ಲಿ ಇನ್ನೂ ಜಾಸ್ತಿ ಚರ್ಚೆ ಆಗ್ಬೇಕು ಅಂತ ಹೋದ ಸಂಚಿಕೆಯಲ್ಲಿ ನಾವು ಬರೆದಿದ್ದು ನಿಮ್ಗೆ ಸರಿ ಬಂದಿಲ್ಲ. ಬೇರೆ ಓದುಗರಿಗೂ ಗೊತ್ತಾಗ್ಲಿ ಅಂತ ನಿಮ್ಮ ಮಾತನ್ನ ಇಲ್ಲಿ ಚಿಕ್ಕದಾಗಿ ಹೇಳ್ತೀನಿ. ಗಡೀಲಿ ಹುಡುಗ್ರು ಜೀವ ಕೊಡ್ತಿರೋವಾಗ ದೆಹಲೀಲಿ ಕೂತವ್ರು ಎಷ್ಟು ವಿಮಾನ ಬಿತ್ತು, ಎಷ್ಟು ಜಾಗ ಹೋಯ್ತು ಅಂತ ಕೇಳೋದು ಶತ್ರುವಿಗೆ ಸಹಾಯ ಮಾಡಿದ ಹಾಗೆ, ಸೇನೆ ಬಗ್ಗೆ ಎಂಪಿಗಳಿಗೆ ಏನು ಗೊತ್ತು, ಗೊತ್ತಿರೋರಿಗೆ ಬಿಟ್ಬಿಡಿ, ಇದು ನಿಮ್ಮ ವಾದ. ಕೊನೇಲಿ, ಬರೀ ಬರೆಯೋದು ಬಿಟ್ಟು ನೀವು ಪತ್ರಿಕೆಯವ್ರು ಏನು ಮಾಡ್ತೀರಿ ಅಂತಾನೂ ಕೇಳಿದೀರಿ. ಅದಕ್ಕೂ ಉತ್ತರ ಇದೆ, ಕೊನೆಗೆ ಬರ್ತೀನಿ.

ನೀವು ಕೊಡಗಿನವ್ರು, ಹಾಗಾಗಿ ತಿಮ್ಮಯ್ಯನವ್ರಿಂದಲೇ ಶುರು ಮಾಡ್ತೀನಿ. 1959ರ ಆಗಸ್ಟ್ 31ಕ್ಕೆ ಜನರಲ್ ಕೆ.ಎಸ್. ತಿಮ್ಮಯ್ಯ ಸೇನಾ ಮುಖ್ಯಸ್ಥರ ಹುದ್ದೆಗೆ ರಾಜೀನಾಮೆ ಕೊಟ್ರು. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಅವ್ರಿಗೆ ಆಗಿ ಬರ್ತಿರ್ಲಿಲ್ಲ, ಬಡ್ತಿ ವಿಷಯದಲ್ಲೂ ಜಗಳ ಇತ್ತು. ನೆಹರೂ ಕರೆಸಿ ಮಾತಾಡಿ ರಾಜೀನಾಮೆ ವಾಪಸ್ ತೆಗೆಸಿದ್ರು, ಆದ್ರೆ ಅಷ್ಟೊತ್ತಿಗೆ ಸುದ್ದಿ ಪೇಪರ್‌ಗೆ ಬಂದಾಗಿತ್ತು, ಸಂಸತ್ತಲ್ಲಿ ಗಲಾಟೆ ಆಯ್ತು, ಸೆಪ್ಟೆಂಬರ್ 2ಕ್ಕೆ ನೆಹರೂ ಎದ್ದು ನಿಂತು ಅದೇನು ಅಂಥ ದೊಡ್ಡ ವಿಷಯ ಅಲ್ಲ ಅನ್ನೋ ಅರ್ಥದಲ್ಲಿ ಹೇಳಿ ಮುಗಿಸಿದ್ರು. ಎಂಪಿಗಳೂ ಅಲ್ಲಿಗೆ ಬಿಟ್ರು. ಈಗ ಆ ವಾರ ಇನ್ನೇನು ನಡೀತಿತ್ತು ನೋಡಿ. ಕೆಲವೇ ದಿನ ಮುಂಚೆ ಈಗಿನ ಅರುಣಾಚಲದ ಗಡೀಲಿರೋ ಲಾಂಗ್‌ಜುನಲ್ಲಿ ಚೀನಾದವ್ರು ಗುಂಡು ಹಾರಿಸಿ ನಮ್ಮ ಚೌಕಿ ತಗೊಂಡಿದ್ರು. ಲಡಾಖಿನ ಅಕ್ಸಾಯ್ ಚಿನ್ ಮೇಲೆ ಚೀನಾ ರಸ್ತೆ ಹಾಕಿರೋದು ಸರ್ಕಾರಕ್ಕೆ ಮುಂಚೆನೇ ಗೊತ್ತಿತ್ತು, 1958ರಲ್ಲೇ ಬೀಜಿಂಗ್‌ಗೆ ಪ್ರತಿಭಟನೆ ಪತ್ರ ಬರೆದಿದ್ರು, ಆದ್ರೆ ಸಂಸತ್ತಿಗೆ ಅದನ್ನ ಹೇಳಿದ್ದು 1959ರ ಆಗಸ್ಟ್ ಕೊನೇಲಿ. ಅಂದ್ರೆ ಸೇನೆಯ ಮುಖ್ಯಸ್ಥ ಇನ್ನು ನನ್ನ ಕೈಲಿ ಆಗಲ್ಲ ಅಂತ ಕಾಗದ ಬರೆದಿದಾನೆ, ಗಡೀಲಿ ಗುಂಡು ಹಾರಿದೆ, ದೇಶದ ಜಾಗದಲ್ಲಿ ಪರದೇಶದವ್ರ ರಸ್ತೆ ಇದೆ, ಇಷ್ಟೂ ಒಂದೇ ವಾರದಲ್ಲಿ ಸಂಸತ್ತಿನ ಮುಂದೆ ಬಂತು. ಆದ್ರೂ ಆ ಜನರಲ್‌ನ ಒಂದು ಮುಚ್ಚಿದ ಕೋಣೇಲಿ ಕೂರಿಸ್ಕೊಂಡು, ಸಾರ್ ನಿಮ್ಗೆ ನಿಜವಾಗ್ಲೂ ಏನು ಕಷ್ಟ ಆಗಿದೆ, ಪಡೆ ಸಿದ್ಧ ಇದೆಯಾ ಇಲ್ವಾ ಹೇಳಿ ಅಂತ ಕೇಳೋಕೆ ಒಂದು ಸಮಿತಿನೂ ಇರ್ಲಿಲ್ಲ. ತಿಮ್ಮಯ್ಯ 1961ರಲ್ಲಿ ನಿವೃತ್ತಿ ಆದ್ರು. ಮುಂದಿನ ವರ್ಷ ಏನಾಯ್ತು ಅಂತ ನಿಮ್ಗೆ ನಾನು ಹೇಳ್ಬೇಕಾಗಿಲ್ಲ.

ಆ ಕಾಲದಲ್ಲಿ ಹೆಚ್ಚಿಗೆ ಪ್ರಶ್ನೆ ಕೇಳಿದ್ರೆ 1962ರ ಚೀನಾ ಯುದ್ಧ ಆಗ್ತಾನೇ ಇರ್ಲಿಲ್ಲ ಅಂತ ನಾನು ಹೇಳ್ತಿಲ್ಲ. ಹಾಗೆ ಯಾರೂ ಹೇಳೋಕಾಗಲ್ಲ. ಆದ್ರೆ ಕೇಳಬೇಕಾದ ಹೊತ್ತು ಅದಾಗಿತ್ತು, ಬೂಟು ಇದೆಯಾ ಬೆಚ್ಚನೆ ಬಟ್ಟೆ ಇದೆಯಾ ರಸ್ತೆ ಇದೆಯಾ ಅಂತ ಕೇಳೋಕೆ ಮೂರು ವರ್ಷ ಕೈಲಿತ್ತು. ಶಾಂತಿ ಇದ್ದಾಗ ಕೇಳದೇ ಇದ್ದಿದ್ದನ್ನ ಯುದ್ಧ ಬಂದ್ಮೇಲೆ ಕೇಳಿದ್ರೆ ನೀವು ಹೇಳೋ ಹಾಗೆ ಅದು ಸೈನಿಕನಿಗೆ ನೋವು ಕೊಡುತ್ತೆ, ಅದನ್ನ ಒಪ್ತೀನಿ.

ಆದ್ರೂ ಯುದ್ಧದ ಮಧ್ಯೆ ಚರ್ಚೆ ಮಾಡಿದ್ರೆ ದೇಶ ಮುಳುಗುತ್ತೆ ಅನ್ನೋದನ್ನ ಮಾತ್ರ ಒಪ್ಪೋಕಾಗಲ್ಲ. 1962ರ ಅಕ್ಟೋಬರ್ 20ಕ್ಕೆ ಚೀನಾ ದಾಳಿ ಶುರು ಆಯ್ತು. ಆಗ ರಾಜ್ಯಸಭೆಲಿದ್ದ ಯುವಕ ವಾಜಪೇಯಿ ಮತ್ತೆ ಅವ್ರ ಪಕ್ಷದವ್ರು ನೆಹರೂನ ಕಂಡು ಅಧಿವೇಶನ ಬೇಗ ಕರೀರಿ ಅಂದ್ರು, ನೆಹರೂ ಒಪ್ಪಿ ನವೆಂಬರ್ 8ಕ್ಕೇ ಕರೆದ್ರು. ಹಿಂದಿನ ದಿನ ಮೆನನ್ ಸಂಪುಟದಿಂದ ಹೊರಗೆ ಹೋದ್ರು. ಗುಟ್ಟಾಗಿ ಸಭೆ ಮಾಡೋಣ ಅಂತ ಎಲ್.ಎಂ. ಸಿಂಘ್ವಿ ಅನ್ನೋ ಪಕ್ಷೇತರ ಸದಸ್ಯರು ಸಲಹೆ ಕೊಟ್ರೆ, ನೆಹರೂ ಅದನ್ನೂ ಬೇಡ ಅಂದ್ರು, ಇದು ಇಡೀ ದೇಶದ ವಿಷಯ, ಎಲ್ಲರೆದುರೇ ಆಗ್ಲಿ ಅಂತ. ನವೆಂಬರ್ 14ರ ತನಕ ಲೋಕಸಭೆಲಿ 165 ಜನ ಮಾತಾಡಿದ್ರು, ಸ್ವಂತ ಪಕ್ಷದವ್ರೂ ಬಿಡ್ಲಿಲ್ಲ, ಕೊನೇಲಿ ಎಲ್ರೂ ಸೇರಿ ಒಂದು ನಿರ್ಣಯ ಅಂಗೀಕರಿಸಿದ್ರು. ಆಗ ಚೀನಾ ಸೈನ್ಯ ಇನ್ನೂ ನಮ್ಮ ನೆಲದಲ್ಲಿತ್ತು, ಲಡಾಖಿನ ರೆಜಾಂಗ್ ಲಾ ಕಾಳಗ ಇನ್ನೂ ಆಗಿರ್ಲಿಲ್ಲ. ಮುಂದಿನ ವರ್ಷ ಆಗಸ್ಟಲ್ಲಿ ಕೃಪಲಾನಿ ನೆಹರೂ ಸರ್ಕಾರದ ಮೇಲೆ ಮೊದಲ ಅವಿಶ್ವಾಸ ನಿರ್ಣಯ ತಂದ್ರು, ಅದು ಬಿದ್ದುಹೋಯ್ತು, ಆದ್ರೆ ಅದರಿಂದ ಸೇನೆ ಏನೂ ದುರ್ಬಲ ಆಗ್ಲಿಲ್ಲ. ಆ ಸೋಲಿನ ಮೇಲೆ ಸೇನಾಧಿಕಾರಿಗಳಾದ ಹೆಂಡರ್ಸನ್ ಬ್ರೂಕ್ಸ್ ಮತ್ತೆ ಭಗತ್ ಕೊಟ್ಟ ವರದಿ ಮಾತ್ರ ಇವತ್ತಿನ ತನಕ ಸಂಸತ್ತಿನ ಮೇಜಿಗೆ ಬಂದಿಲ್ಲ. 2010ರಲ್ಲಿ ರಕ್ಷಣಾ ಮಂತ್ರಿ ಆಂಟನಿ ಅದು ಈಗ್ಲೂ ಸೂಕ್ಷ್ಮ ಅಂತ ಹೇಳಿದ್ರು, 2014ರಲ್ಲಿ ನೋಡಿದ್ರೆ ನೆವಿಲ್ ಮ್ಯಾಕ್ಸ್‌ವೆಲ್ ಅನ್ನೋ ವಿದೇಶಿ ಪತ್ರಕರ್ತ ಅದರ ದೊಡ್ಡ ಭಾಗ ಇಂಟರ್ನೆಟ್ಟಿಗೆ ಹಾಕಿದ್ರು. ಪ್ರಪಂಚದಲ್ಲಿ ಯಾರು ಬೇಕಾದ್ರೂ ಓದಬಹುದು, ಭಾರತದ ಸಂಸತ್ತಿಗೆ ಅಧಿಕೃತವಾಗಿ ಸಿಗಲ್ಲ. ಇದ್ರಲ್ಲಿ ಯಾವ ಗುಟ್ಟು ಉಳೀತು ಹೇಳಿ.

ನಿಮ್ಮ ಮುಖ್ಯ ಆತಂಕ ಗುಟ್ಟಿನದು ಅಲ್ವಾ. ಅದಕ್ಕೆ ದಾರಿ 1993ರಲ್ಲೇ ಮಾಡಿದಾರೆ, ಆದ್ರೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ರಕ್ಷಣೆಗೆ ಒಂದು, ವಿದೇಶಾಂಗಕ್ಕೆ ಒಂದು ಸ್ಥಾಯಿ ಸಮಿತಿ ಇದೆ, ಲೋಕಸಭೆಯಿಂದ 21, ರಾಜ್ಯಸಭೆಯಿಂದ 10, ಒಟ್ಟು 31 ಜನ, ಎಲ್ಲಾ ಪಕ್ಷದವ್ರೂ ಇರ್ತಾರೆ, ಮಂತ್ರಿಗಳು ಸದಸ್ಯರಾಗೋ ಹಾಗಿಲ್ಲ. ಸಭೆ ಮುಚ್ಚಿದ ಬಾಗಿಲ ಹಿಂದೆ ನಡಿಯುತ್ತೆ, ಟೀವಿ ಕ್ಯಾಮೆರಾ ಇಲ್ಲ, ಹಾಗಾಗಿ ಅಲ್ಲಿ ಕಿರುಚಾಟನೂ ಕಡಿಮೆ. ಕಾರ್ಯದರ್ಶಿಗಳು, ಸೇನೆಯ ಹಿರಿಯ ಅಧಿಕಾರಿಗಳು ಬಂದು ಉತ್ತರ ಕೊಡ್ತಾರೆ. ದೇಶದ ಸುರಕ್ಷತೆಗೆ ಧಕ್ಕೆ ಆಗುತ್ತೆ ಅನ್ನಿಸಿದ್ರೆ ಒಂದು ಕಡತ ಕೊಡಲ್ಲ ಅಂತ ಹೇಳೋ ಅಧಿಕಾರನೂ ಸರ್ಕಾರಕ್ಕೆ ನಿಯಮದಲ್ಲೇ ಇದೆ. ಗುಟ್ಟು ಕಾಪಾಡೋಕೆ ಇದಕ್ಕಿಂತ ಬೇರೆ ಏರ್ಪಾಡು ಬೇಕಾ?

ಎಂಪಿಗಳಿಗೆ ಏನು ಗೊತ್ತು ಅಂದ್ರಿ. 2018ರ ಮಾರ್ಚಲ್ಲಿ ರಕ್ಷಣಾ ಸಮಿತಿಗೆ ಅಧ್ಯಕ್ಷರಾಗಿದ್ದವ್ರು ಬಿ.ಸಿ. ಖಂಡೂರಿ, ನಿವೃತ್ತ ಮೇಜರ್ ಜನರಲ್, ಆಡಳಿತ ಪಕ್ಷದವ್ರೇ. ಅವ್ರ ಸಮಿತಿ ಮುಂದೆ ಸೇನೆಯ ಉಪ ಮುಖ್ಯಸ್ಥರು ಬಂದು, ನಮ್ಮ ಸಲಕರಣೆಯಲ್ಲಿ ಶೇ. 68 ಹಳೇ ಕಾಲದ್ದು, ಹೊಸ ತಂತ್ರಜ್ಞಾನದ್ದು ಬರೀ ಶೇ. 8 ಅಂತ ಹೇಳಿದ್ರು. ಆಧುನೀಕರಣಕ್ಕೆ ಕೊಟ್ಟಿರೋ 21,338 ಕೋಟಿ, ಈಗಾಗ್ಲೇ ಒಪ್ಪಂದ ಆಗಿರೋದಕ್ಕೆ ಕಟ್ಟಬೇಕಾದ 29,033 ಕೋಟಿಗೂ ಸಾಲಲ್ಲ ಅಂತಾನೂ ಹೇಳಿದ್ರು. ಸಮವಸ್ತ್ರದಲ್ಲಿರೋ ಒಬ್ಬ ಜನರಲ್ ಹೊರಗೆ ಪ್ರೆಸ್ ಕರೆದು ಇದನ್ನ ಹೇಳೋ ಹಾಗಿಲ್ಲ, ಸರ್ಕಾರದ ವಿರುದ್ಧ ಹೋದ ಹಾಗಾಗುತ್ತೆ. ಅವ್ರು ನಿಯಮದೊಳಗೇ ಇದ್ದು ನಿಜ ಹೇಳೋಕೆ ಇದ್ದ ಜಾಗ ಆ ಸಮಿತಿ. ಅದೇ ವರ್ಷ ಸೆಪ್ಟೆಂಬರಲ್ಲಿ ಅಧ್ಯಕ್ಷ ಸ್ಥಾನ ಖಂಡೂರಿಯವ್ರಿಂದ ಬೇರೆಯವ್ರಿಗೆ ಹೋಯ್ತು. ನನಗೆ ಇದು ಬಹಳ ಬೇಜಾರಿನ ಸಂಗತಿ, ಸೇನೆ ಗೊತ್ತಿರೋ ಅಧ್ಯಕ್ಷರು ಸಮಿತಿಗೆ ಸಿಗೋದೇ ಅಪರೂಪ.

ಇನ್ನೊಂದು. 2020ರ ಫೆಬ್ರವರಿಯಲ್ಲಿ ಸಿಎಜಿ, ಅಂದ್ರೆ ಸರ್ಕಾರದ ಖರ್ಚಿನ ಲೆಕ್ಕ ನೋಡೋ ಸಂಸ್ಥೆ, ಕೊಟ್ಟ ವರದಿ ಸಂಸತ್ತಿಗೆ ಬಂತು, ಸಿಯಾಚಿನ್, ಲಡಾಖ್ ಕಡೆ ಇರೋ ಸೈನಿಕರ ಬಟ್ಟೆ, ಊಟ, ವಸತಿ ಬಗ್ಗೆ. ಹಿಮದ ಕನ್ನಡಕ ಕೊರತೆ, ಹೊಸ ಬೂಟು ಬರದೇ 2015ರ ನವೆಂಬರಿಂದ 2016ರ ಸೆಪ್ಟೆಂಬರ್ ತನಕ ಹಳೇ ಬೂಟನ್ನೇ ರಿಪೇರಿ ಮಾಡಿ ಮತ್ತೆ ಕೊಟ್ಟಿದ್ದು, ಇವೆಲ್ಲ ಅದ್ರಲ್ಲಿತ್ತು. ಲಡಾಖಿನ ಗಲ್ವಾನಲ್ಲಿ ಚೀನಾ ಸೈನ್ಯದ ಜೊತೆ ಕಾಳಗ ಆಗಿದ್ದು ಅದೇ ವರ್ಷದ ಜೂನಲ್ಲಿ. ನೀವು ಆ ಎತ್ತರದಲ್ಲಿ ಕೆಲಸ ಮಾಡಿದೀನಿ ಅಂತ ಬರೆದಿದೀರಿ, ಬೂಟಿನ ಬಗ್ಗೆ ಕೇಳೋದು ಶತ್ರುವಿಗೆ ಸಹಾಯ ಅಂತ ನಿಮ್ಗೆ ನಿಜವಾಗ್ಲೂ ಅನ್ಸುತ್ತಾ?

ನಿಮ್ಮ ಮಾತಲ್ಲಿ ಒಂದು ಭಾಗ ಪೂರ್ತಿ ನಿಜ, ಅದನ್ನೂ ಹೇಳ್ತೀನಿ. 2017ರ ಜುಲೈಯಲ್ಲಿ ಡೋಕ್ಲಾಮಲ್ಲಿ ಭಾರತ, ಚೀನಾ ಸೈನ್ಯ ಎದುರುಬದುರು ನಿಂತಿರೋವಾಗ್ಲೇ ಸಿಎಜಿ ವರದಿ ಬಂತು, 152 ಥರದ ಮದ್ದುಗುಂಡಲ್ಲಿ 61 ಥರದ್ದು ಹತ್ತು ದಿನಕ್ಕೂ ಸಾಕಾಗಲ್ಲ ಅಂತ. ಎಲ್ಲಾ ಚಾನೆಲ್ಲಲ್ಲೂ ಅದೇ. ಇಂಥ ಅಂಕಿ ಬಹಿರಂಗ ಆಗ್ಬಾರ್ದಿತ್ತು ಅಂತಾನೇ ನನ್ನ ಅಭಿಪ್ರಾಯ, ಆದ್ರೆ ಸಮಿತಿಯ ಮುಚ್ಚಿದ ಕೋಣೆಗೆ ಅದು ಹೋಗ್ಲೇಬೇಕು, ಅಲ್ಲಿ ಯಾಕೆ ಕಡಿಮೆ ಆಯ್ತು, ಯಾವ ಕಾರ್ಖಾನೆ ಕೊಡ್ಲಿಲ್ಲ, ಯಾವ ಕಡತ ಎಲ್ಲಿ ನಿಂತಿತು ಅಂತ ಬೆನ್ನು ಹತ್ತಬೇಕು.

ವಿದೇಶಾಂಗದ ಕಥೆ ಇನ್ನೂ ಕಷ್ಟ. ನಮ್ಮ ಸಂವಿಧಾನದ ಪ್ರಕಾರ ಒಪ್ಪಂದಕ್ಕೆ ಸರ್ಕಾರ ಸಹಿ ಹಾಕಿದ್ರೆ ಸಾಕು, ಸಂಸತ್ತಿನ ಒಪ್ಪಿಗೆ ಬೇಕಿಲ್ಲ, ಜಾಗ ಬಿಟ್ಟುಕೊಡೋದಾದ್ರೆ ಸಂವಿಧಾನ ತಿದ್ದುಪಡಿ ಬೇಕು, ಹೊಸ ಕಾನೂನು ಬೇಕಾದ್ರೆ ಮಸೂದೆ ತರ್ಬೇಕು, ಅಷ್ಟೇ. ನಮ್ಮ ದೇವೇಗೌಡ್ರು ಪ್ರಧಾನಿ ಆಗಿದ್ದಾಗ, 1996ರ ನವೆಂಬರ್ 29ಕ್ಕೆ, ಚೀನಾ ಅಧ್ಯಕ್ಷ ಜಿಯಾಂಗ್ ಜೆಮಿನ್ ದೆಹಲಿಗೆ ಬಂದಿದ್ದಾಗ ಒಂದು ಒಪ್ಪಂದ ಆಯ್ತು, ಎಲ್‌ಎಸಿ, ಅಂದ್ರೆ ಚೀನಾ ಕಡೆಯ ವಾಸ್ತವ ನಿಯಂತ್ರಣ ರೇಖೆಯಿಂದ ಎರಡು ಕಿಲೋಮೀಟರ್ ಒಳಗೆ ಯಾರೂ ಗುಂಡು ಹಾರಿಸ್ಬಾರ್ದು ಅಂತ. ಒಳ್ಳೇ ಉದ್ದೇಶದ ಒಪ್ಪಂದ, ಬಹಳ ವರ್ಷ ಗಡೀಲಿ ಜೀವ ಉಳಿಸ್ತು ಅಂತ ನಾನು ನಂಬ್ತೀನಿ. 2020ರ ಜೂನ್ 15ರ ರಾತ್ರಿ ಗಲ್ವಾನಲ್ಲಿ ನಮ್ಮ 20 ಜನ ಸತ್ತಾಗ, ಬಂದೂಕು ಇದ್ರೂ ಯಾಕೆ ಬಳಸ್ಲಿಲ್ಲ ಅಂತ ದೇಶ ಕೇಳಿದ್ದಕ್ಕೆ ವಿದೇಶಾಂಗ ಮಂತ್ರಿ ಕೊಟ್ಟ ಉತ್ತರ ಈ ಒಪ್ಪಂದ, ಹಾಗೇ ನಡ್ಕೊಂಡು ಬಂದ ಪದ್ಧತಿ. 24 ವರ್ಷ ಸೈನಿಕನ ಕೈ ಕಟ್ಟಿದ, ಅವನನ್ನ ಕಾಪಾಡಿದ ಒಂದು ಕಾಗದ, ಅದು ಇನ್ನೂ ಕೆಲಸ ಮಾಡ್ತಿದೆಯಾ ಅಂತ ಐದೈದು ವರ್ಷಕ್ಕಾದ್ರೂ ವಿದೇಶಾಂಗ ಸಮಿತಿ ಕೂತು ನೋಡೋ ಪದ್ಧತಿ ಇದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು. ಪಾಕಿಸ್ತಾನದ ಜೊತೆಗಿನ ಸಿಂಧೂ ನದಿ ಒಪ್ಪಂದನೂ ಹಾಗೇ, 1960ರ ಸೆಪ್ಟೆಂಬರಲ್ಲಿ ಸಹಿ ಆಯ್ತು, ಲೋಕಸಭೆ ಚರ್ಚೆ ಮಾಡಿದ್ದು ನವೆಂಬರ್ ಕೊನೇಲಿ. 2025ರ ಏಪ್ರಿಲಲ್ಲಿ ಅದನ್ನ ತಡೆ ಹಿಡಿದಾಗ್ಲೂ ತೀರ್ಮಾನ ಸಂಪುಟದ ಭದ್ರತಾ ಸಮಿತಿದೇ. ತಡೆ ಹಿಡಿದಿದ್ದು ಸರಿನೇ ಇರಬಹುದು, ಮುಂದೇನು ಅನ್ನೋದನ್ನ ಕೇಳೋಕೆ ಜನರು ಕಳಿಸಿದವ್ರಿಗೆ ಹಕ್ಕು ಇರ್ಬೇಕು.

ಈಗಿನ ದಿನಕ್ಕೆ ಬರ್ತೀನಿ. ಗಲ್ವಾನ್ ಆದ್ಮೇಲೆ ಸೆಪ್ಟೆಂಬರಲ್ಲಿ ಅಧಿವೇಶನ ಕೂತಾಗ ಕೋವಿಡ್ ಕಾರಣ ಹೇಳಿ ಪ್ರಶ್ನೋತ್ತರ ಅವಧಿನೇ ತೆಗೆದಿದ್ರು, ರಕ್ಷಣಾ ಮಂತ್ರಿ 15ಕ್ಕೆ ಲೋಕಸಭೆಲಿ ಹೇಳಿಕೆ ಓದಿದ್ರು, ಚರ್ಚೆ ಇಲ್ಲ. ಪಾಕಿಸ್ತಾನದ ಮೇಲಿನ ಆಪರೇಷನ್ ಸಿಂಧೂರ್ 2025ರ ಮೇ 7ಕ್ಕೆ ಶುರು, 10ಕ್ಕೆ ಕದನ ನಿಂತಿತು, ವಿಶೇಷ ಅಧಿವೇಶನ ಕರೀರಿ ಅಂದ್ರೆ ಕರೀಲಿಲ್ಲ. ನಮ್ಮ ವಿಮಾನಕ್ಕೆ ನಷ್ಟ ಆಗಿದೆ ಅನ್ನೋದನ್ನ ರಕ್ಷಣಾ ಪಡೆಗಳ ಮುಖ್ಯಸ್ಥರು, ಎಷ್ಟು ಅಂತ ಹೇಳದೇ, ಒಪ್ಕೊಂಡಿದ್ದು ಮೇ 31ಕ್ಕೆ ಸಿಂಗಾಪುರದಲ್ಲಿ, ವಿದೇಶಿ ಸುದ್ದಿ ಸಂಸ್ಥೆಗಳ ಮುಂದೆ. ಎಷ್ಟು ವಿಮಾನ ಬಿತ್ತು ಅಂತ ಕೇಳೋದು ತಪ್ಪು ಅಂತ ನೀವು ಬರೆದ್ರಿ, ಸರಿ, ಆದ್ರೆ ಆ ಮಾತು ಸಿಂಗಾಪುರದಲ್ಲಿ ಹೇಳಬಹುದಾದ್ರೆ ಅದಕ್ಕೂ ಮುಂಚೆ ಸಮಿತಿ ಮುಂದೆ, ನಮ್ಮ ಸದನದಲ್ಲಿ ಹೇಳಬಹುದಿತ್ತಲ್ವಾ? ಜುಲೈ ಕೊನೇಲಿ ಚರ್ಚೆ ಆಯ್ತು, ಒಂದೊಂದು ಸದನಕ್ಕೆ 16 ಗಂಟೆ ಗೊತ್ತು ಮಾಡಿದ್ರು. ಆಗಿದ್ದು ಒಳ್ಳೇದೇ. ನಾನು ಬಹಳ ಹೊತ್ತು ನೋಡಿದೆ, ನೆಹರೂ ಮಾಡಿದ್ದೇನು ಮೋದಿ ಮಾಡಿದ್ದೇನು ಅನ್ನೋದ್ರಲ್ಲೇ ಬಹಳ ಸಮಯ ಹೋಯ್ತು. ವಿರೋಧ ಪಕ್ಷದವ್ರನ್ನೂ ನಾನು ಬಿಡಲ್ಲ. 2023ರ ಮಾರ್ಚ್ 23ಕ್ಕೆ ಎರಡೂ ಕಡೆಯ ಗದ್ದಲದಲ್ಲಿ ಬಜೆಟ್ಟಿನ ಎಲ್ಲಾ ಇಲಾಖೆಗಳ ಖರ್ಚಿನ ಬೇಡಿಕೆನೂ ಚರ್ಚೆ ಇಲ್ದೇ ಲೋಕಸಭೆಲಿ ಪಾಸಾಯ್ತು, ಅದ್ರಲ್ಲಿ ರಕ್ಷಣೆಗೆ ಇದ್ದ 5.94 ಲಕ್ಷ ಕೋಟಿನೂ ಸೇರಿತ್ತು. ಆ ದುಡ್ಡಿನ ಬಗ್ಗೆ ಸದನದಲ್ಲಿ ಒಂದು ಗಂಟೆ ಮಾತಾಡೋಕೆ ಯಾರಿಗೂ ಆಗ್ಲಿಲ್ಲ ಅಂದ್ರೆ ಹೊಟ್ಟೆ ಉರಿಯುತ್ತೆ ಸಾಹೇಬ್ರೆ.

ಹಾಗಾಗಿ ಹೋದ ಸಂಚಿಕೆಯ ಮಾತಿಗೆ ನಾನು ಈಗ್ಲೂ ಅಂಟ್ಕೊಂಡಿದೀನಿ. ನಾವು ಕೇಳ್ತಿರೋದು ಯುದ್ಧದ ನಕ್ಷೆ ಅಲ್ಲ. ಸಮಿತಿ ಸದಸ್ಯರು ವರ್ಷ ವರ್ಷ ಬದಲಾಗ್ಬಾರ್ದು, ಐದು ವರ್ಷ ಒಂದೇ ಕಡೆ ಇದ್ರೆ ಕಲೀತಾರೆ. ದೊಡ್ಡ ಒಪ್ಪಂದ ಸಹಿ ಆಗೋಕೆ ಮುಂಚೆ ವಿದೇಶಾಂಗ ಸಮಿತಿಗೆ ತಿಳಿಸ್ಬೇಕು. ಪ್ರತಿ ಕಾರ್ಯಾಚರಣೆ ಆದ್ಮೇಲೆ ಕಾರ್ಗಿಲ್ ಪರಿಶೀಲನಾ ಸಮಿತಿ ಥರ ಒಂದು ವರದಿ ಬರ್ಬೇಕು, ವಾಜಪೇಯಿ ಸರ್ಕಾರ ಅದನ್ನ 2000ದ ಫೆಬ್ರವರಿಯಲ್ಲಿ, ಸೂಕ್ಷ್ಮ ಭಾಗ ಅಳಿಸಿ, ಸಂಸತ್ತಿನ ಮುಂದೆ ಇಟ್ಟಿತ್ತು. ಆಗ ಆದದ್ದು ಈಗ ಯಾಕಾಗಲ್ಲ?

ಇನ್ನು ಪತ್ರಿಕೆಯವ್ರು ಏನು ಮಾಡ್ತೀರಿ ಅಂದ್ರಲ್ಲ. ಕರ್ನಾಟಕದಿಂದ ಲೋಕಸಭೆಗೆ 28, ರಾಜ್ಯಸಭೆಗೆ 12 ಜನ ಇದಾರೆ. ಬೆಂಗಳೂರಲ್ಲಿ ಎಚ್‌ಎಎಲ್ ಇದೆ, ತೇಜಸ್ ಇಲ್ಲೇ ಕಟ್ತಾರೆ, 1983ರಲ್ಲಿ ಮಂಜೂರಾದ ಆ ವಿಮಾನದ ಮೊದಲ ಮಾದರೀಲಿ 53 ಕೊರತೆ ಇದೆ ಅಂತ 2015ರಲ್ಲಿ ಸಿಎಜಿನೇ ಹೇಳಿತ್ತು. ನಮ್ಮ ಎಷ್ಟು ಎಂಪಿಗಳು ಅದರ ಬಗ್ಗೆ ಬೆನ್ನು ಹತ್ತಿದ್ರು? ಎರಡೂ ಸದನದ ಪ್ರಶ್ನೆ, ಉತ್ತರ ಎಲ್ಲಾ ಸಂಸತ್ತಿನ ವೆಬ್‌ಸೈಟಲ್ಲಿ ಸದಸ್ಯರ ಹೆಸರಲ್ಲೇ ಹುಡುಕೋಕೆ ಸಿಗುತ್ತೆ. ಮುಂದಿನ ಅಧಿವೇಶನದಿಂದ ಈ 40 ಜನ ರಕ್ಷಣೆ, ವಿದೇಶಾಂಗದ ಬಗ್ಗೆ ಕೇಳಿದ ಒಂದೊಂದು ಪ್ರಶ್ನೆನೂ, ಬಂದ ಉತ್ತರನೂ ಕನ್ನಡದಲ್ಲಿ ಹಾಕ್ತೀವಿ, ಕೇಳದೇ ಇದ್ದವ್ರ ಹೆಸರಿನ ಮುಂದೆ ಜಾಗ ಖಾಲಿ ಬಿಡ್ತೀವಿ. ನೀವು, ನಿಮ್ಮೂರಿನ ಮಾಜಿ ಸೈನಿಕರು ಕೂತು ಏನೇನು ಕೇಳ್ಬೇಕು ಅಂತ ಬರೆದು ಕಳ್ಸಿ, ಪಿಂಚಣಿ ಆಗ್ಲಿ ಬೂಟಾಗ್ಲಿ ರಸ್ತೆ ಆಗ್ಲಿ. ಅದನ್ನ ಅಧಿವೇಶನ ಶುರುವಾಗೋ ಮುಂಚೆ 40 ಜನಕ್ಕೂ ನಾವೇ ತಲುಪಿಸ್ತೀವಿ.

ಸಂಪಾದಕ