ಸ್ಪೇನಿನ ಸ್ಯಾನ್ ಸೆಬಾಸ್ಟಿಯನ್‌ನಲ್ಲಿ ಮೂರೇ ರಾತ್ರಿ ಇರುವಾಗ ಯಾವ ಮಿಶೆಲಿನ್ ಹೋಟೆಲ್‌ಗೆ ಹೋಗಬೇಕು?

ನೀವು ಅಕ್ಟೋಬರಿನಲ್ಲಿ ಶುಕ್ರವಾರ ಮಧ್ಯಾಹ್ನ ಬಂದು ಸೋಮವಾರ ಸಂಜೆ ಹೊರಡುತ್ತೀರಿ. ಪಟ್ಟಿಯಲ್ಲಿ ಅರ್ಝಾಕ್, ಅಕೆಲಾರ್ರೆ, ಮಾರ್ಟಿನ್ ಬೆರಸಾತೆಗಿ, ಮುಗಾರಿಟ್ಜ್ ಇವೆ. ನೀವು ಎಲ್ಲವನ್ನೂ ತಿನ್ನುತ್ತೀರಿ, ನಿಮ್ಮ ಹೆಂಡತಿ ಮೊಟ್ಟೆ ತಿನ್ನುವ ಸಸ್ಯಾಹಾರಿ. ದಿನಕ್ಕೊಂದರಂತೆ ಮೂರು ಮುಗಿಸಬಹುದಾ ಅಂತ ಕೇಳಿದ್ದೀರಿ.

ಬೇಡ. ಒಂದು ಸಾಕು. ಅದೂ ಮಧ್ಯಾಹ್ನದ ಊಟ, ಶನಿವಾರ.

ನಾನು ಇರುವುದು ಫ್ರಾನ್ಸಿನ ಬೋರ್ಡೋದಲ್ಲಿ. ಅಲ್ಲಿಂದ ಕಾರಿನಲ್ಲಿ ಎರಡೂವರೆ ಗಂಟೆಯ ದಾರಿ, ಹಾಗಾಗಿ ಆಗಾಗ ಹೋಗುತ್ತಿರುತ್ತೇನೆ. ಈ ಹೋಟೆಲ್‌ಗಳಲ್ಲಿ ಊಟ ಅಂದರೆ ಒಂದರ ಹಿಂದೊಂದು ಬರುವ ಹದಿನೈದೋ ಇಪ್ಪತ್ತೋ ಸಣ್ಣ ತಟ್ಟೆಗಳು. ಮೂರು ಗಂಟೆ ಆರಾಮಾಗಿ ಹಿಡಿಯುತ್ತದೆ. ಮಧ್ಯಾಹ್ನ ಒಂದೂವರೆಗೆ ಕೂತರೆ ಏಳುವುದು ಐದಕ್ಕೆ. ಆ ರಾತ್ರಿ ಇನ್ನೇನೂ ಸೇರುವುದಿಲ್ಲ, ಮಾರನೇ ದಿನವೂ ಅಷ್ಟಕ್ಕಷ್ಟೇ. ಇದನ್ನೇ ಮೂರು ದಿನ ಮಾಡಿದರೆ ಮೂರನೇ ದಿನ ನಾಲಿಗೆಗೆ ಏನೂ ಹತ್ತುವುದಿಲ್ಲ, ದುಡ್ಡು ಮಾತ್ರ ಹೋಗುತ್ತದೆ. ಮೂರು ಸ್ಟಾರ್ (ಮಿಶೆಲಿನ್ ಗೈಡ್ ಊಟಕ್ಕೆ ಕೊಡುವ ಅತಿ ಹೆಚ್ಚಿನ ದರ್ಜೆ) ಜಾಗಗಳಲ್ಲಿ ಪಾನೀಯ ಬಿಟ್ಟು ತಲೆಗೆ 250 ಯೂರೋಗಿಂತ ಮೇಲೆಯೇ ಲೆಕ್ಕ ಹಾಕಿಕೊಳ್ಳಿ.

ಇನ್ನೊಂದು ಕಾರಣವೂ ಇದೆ. ಎರಡು ಲಕ್ಷಕ್ಕೂ ಕಡಿಮೆ ಜನ ಇರುವ ಈ ಊರಿನ ಸುತ್ತ ಮೂರು ಸ್ಟಾರ್‌ನ ಹೋಟೆಲ್‌ಗಳೇ ಮೂರಿವೆ. ಆದರೆ ಊರಿನ ನಿಜವಾದ ಊಟ ಇರುವುದು ಹಳೇ ಪೇಟೆಯ ಬಾರ್‌ಗಳಲ್ಲಿ, ಕೌಂಟರ್ ಮುಂದೆ ನಿಂತು ತಿನ್ನುವ ಪಿಂಚೋ ಅನ್ನುವ ಸಣ್ಣ ತಿಂಡಿಗಳಲ್ಲಿ. ಅದಕ್ಕೆ ಹೊಟ್ಟೆಯಲ್ಲಿ ಜಾಗ ಉಳಿಸಿಕೊಳ್ಳಬೇಕು ಅಲ್ವಾ?

ಈಗ ಯಾವುದು ಅನ್ನುವ ಪ್ರಶ್ನೆ. ಸ್ಟಾರ್ ಎಣಿಸಿ ಆರಿಸುವುದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅರ್ಝಾಕ್, ಅಕೆಲಾರ್ರೆ, ಬೆರಸಾತೆಗಿ ಮೂರಕ್ಕೂ ಮೂರು ಮೂರು ಇವೆ.

ಅರ್ಝಾಕ್ ಒಂದು ಮನೆತನದ ಜಾಗ. 1897ರ ಕಟ್ಟಡ, ಮೊದಲು ಇವರ ಹಿರಿಯರ ಸಾಮಾನ್ಯ ಊಟದ ಮನೆ. ಊರಿನೊಳಗೇ ರಸ್ತೆ ಪಕ್ಕದಲ್ಲಿದೆ, ನೋಟ ಗೀಟ ಏನೂ ಇಲ್ಲ. 1989ರಿಂದ ಮೂರು ಸ್ಟಾರ್ ಬಿಟ್ಟುಕೊಟ್ಟಿಲ್ಲ. ಹುವಾನ್ ಮಾರಿ ಅರ್ಝಾಕ್ ಮತ್ತು ಅಕೆಲಾರ್ರೆಯ ಪೆದ್ರೊ ಸುಬಿಹಾನಾ 1970ರ ದಶಕದಲ್ಲಿ ಫ್ರಾನ್ಸಿಗೆ ಹೋಗಿ ಅಲ್ಲಿಯ ಹೆಸರಾಂತ ಬಾಣಸಿಗ ಪಾಲ್ ಬೊಕ್ಯೂಸ್ ಅಡುಗೆಮನೆ ನೋಡಿಕೊಂಡು ಬಂದರು. ತಿರುಗಿ ಬಂದ ಮೇಲೆ ಜೊತೆಗಾರರನ್ನು ಸೇರಿಸಿಕೊಂಡು ಬಾಸ್ಕ್ ಅಡುಗೆಯನ್ನೇ, ಅಂದರೆ ಈ ಸೀಮೆಯ ಅಡುಗೆಯನ್ನೇ, ಹೊಸದಾಗಿ ಕಟ್ಟಿದರು. ಈಗ ಅರ್ಝಾಕ್ ಅಡುಗೆಮನೆಯ ಮುಂದಾಳು ಹುವಾನ್ ಮಾರಿಯ ಮಗಳು ಎಲೆನಾ. ಈ ಕಥೆ ನಿಮಗೆ ಮುಖ್ಯ ಅನ್ನಿಸಿದರೆ ಇಲ್ಲಿಗೆ ಹೋಗಿ.

ಅಕೆಲಾರ್ರೆ ಇರುವುದು ಇಗೆಲ್ದೊ ಗುಡ್ಡದ ಮೇಲೆ. ಗೋಡೆಯಷ್ಟು ದೊಡ್ಡ ಕಿಟಕಿ, ಅದರಾಚೆ ಬರೀ ಸಮುದ್ರ. ಇಬ್ಬರೇ ಹೋಗುವ ಪ್ರವಾಸಕ್ಕೆ ಇದೇ ಸರಿ ಅಂತ ನನ್ನ ಅಭಿಪ್ರಾಯ. ಆದರೆ ರಾತ್ರಿ ಟೇಬಲ್ ತೆಗೆದುಕೊಂಡರೆ ಆ ಕಿಟಕಿ ಕಪ್ಪು ಗಾಜು ಅಷ್ಟೇ. ಆದರೂ ಜನ ರಾತ್ರಿಯನ್ನೇ ಬುಕ್ ಮಾಡುತ್ತಾರೆ, ಯಾಕೋ ಗೊತ್ತಿಲ್ಲ.

ಬೆರಸಾತೆಗಿ ಊರಿಂದ ಹೊರಗೆ ಲಾಸಾರ್ತೆಯಲ್ಲಿದೆ, ಟ್ಯಾಕ್ಸಿ ಬೇಕು. ಎಲ್ಲಕ್ಕಿಂತ ಅಚ್ಚುಕಟ್ಟಾದ ಅಡುಗೆ ಇಲ್ಲಿಯದು. ಹೊಗೆಯಲ್ಲಿಟ್ಟ ಈಲ್ ಮೀನು, ಫ್ವಾ ಗ್ರಾ (ಕೊಬ್ಬಿಸಿದ ಬಾತುಕೋಳಿಯ ಲಿವರ್), ಹಸಿರು ಸೇಬುಗಳನ್ನು ಪದರ ಪದರವಾಗಿ ಜೋಡಿಸಿ ಮೇಲೆ ಸಕ್ಕರೆ ಸುಟ್ಟು ಕೊಡುವ ಒಂದು ಐಟಂ 1995ರಿಂದ ಇವರ ಗುರುತಾಗಿಬಿಟ್ಟಿದೆ.

ಮುಗಾರಿಟ್ಜ್ ಪಟ್ಟಿಯಿಂದ ತೆಗೆದುಬಿಡಿ. ಕೆಟ್ಟದು ಅಂತಲ್ಲ. ಅದು ಪ್ರಯೋಗಶಾಲೆ. ವರ್ಷದಲ್ಲಿ ಕೆಲವು ತಿಂಗಳು ಬಾಗಿಲು ಹಾಕಿಕೊಂಡು ಹೊಸ ಮೆನು ಹುಡುಕುತ್ತಾರೆ. ಕಲ್ಲಿನಂತೆ ಕಾಣುವ, ಜೇಡಿ ಲೇಪಿಸಿದ ಆಲೂಗಡ್ಡೆ ಅಲ್ಲಿಯದೇ. ಕೆಲವು ತಟ್ಟೆ ಚೆನ್ನಾಗಿರುವುದಿಲ್ಲ, ಚೆನ್ನಾಗಿರಬೇಕು ಅಂತ ಅವರಿಗೆ ಹಠವೂ ಇಲ್ಲ. ಇಂಥ ಊಟ ಬೇಕಾದಷ್ಟು ಮಾಡಿ ಬೇಜಾರಾದವರಿಗೆ ಅದು ಸರಿ. ಮೊದಲ ಸಲಕ್ಕೆ ಅಲ್ಲ.

ಇಷ್ಟೆಲ್ಲ ಹೇಳಿದರೂ, ನಿಮ್ಮ ವಿಷಯದಲ್ಲಿ ತೀರ್ಮಾನ ಮಾಡಬೇಕಾದದ್ದು ನಿಮ್ಮ ಹೆಂಡತಿಯ ತಟ್ಟೆ. ಬಾಸ್ಕ್ ಅಡುಗೆಯ ಪ್ರಾಣವೇ ಮೀನು ಮತ್ತು ಮಾಂಸ. ಸುಮ್ನೆ ಬುಕಿಂಗ್ ಫಾರ್ಮಿನಲ್ಲಿ 'ವೆಜಿಟೇರಿಯನ್' ಅಂತ ಟಿಕ್ ಮಾಡಿ ಹೋಗಬೇಡಿ. ನನ್ನ ಜೊತೆ ಬಂದಿದ್ದ ಸಸ್ಯಾಹಾರಿ ಗೆಳತಿಗೆ ಒಂದು ಹೆಸರುವಾಸಿ ಜಾಗದಲ್ಲಿ (ಹೆಸರು ಬೇಡ, ನಿಮ್ಮ ಪಟ್ಟಿಯದ್ದಲ್ಲ) ಬೆಂದ ಈರುಳ್ಳಿ, ಬೆಂದ ಲೀಕ್, ಮತ್ತೆ ಬೆಂದ ಈರುಳ್ಳಿ ಬಂತು. ಬಿಲ್ ಮಾತ್ರ ನನ್ನಷ್ಟೇ.

ಹಾಗಾಗಿ ಮೂರೂ ಕಡೆಗೆ ಇವತ್ತೇ ಇಮೇಲ್ ಬರೆಯಿರಿ, ಇಂಗ್ಲಿಷಿನಲ್ಲಿ ಸಾಕು. ಮೂರು ಪ್ರಶ್ನೆ ಕೇಳಿ. ಸಸ್ಯಾಹಾರಿಗಳಿಗೆ ಬೇರೆಯೇ ಮೆನು ಮಾಡುತ್ತೀರಾ, ಅಥವಾ ಇರುವ ಮೆನುವಿನಲ್ಲಿ ಮೀನು, ಮಾಂಸ ತೆಗೆದು ಕೊಡುತ್ತೀರಾ? ಸಾಸ್‌ಗಳಲ್ಲಿ ಮಾಂಸದ ಅಥವಾ ಮೀನಿನ ಸ್ಟಾಕ್ (ಬೇಯಿಸಿ ತೆಗೆದ ರಸ) ಇರುತ್ತದಾ? ಸಿಹಿತಿಂಡಿಯಲ್ಲಿ ಜೆಲಟಿನ್ (ಪ್ರಾಣಿಯ ಮೂಳೆ, ಚರ್ಮದಿಂದ ಮಾಡುವ ಅಂಟು) ಹಾಕುತ್ತೀರಾ? ಮೊಟ್ಟೆ, ಹಾಲು ಪರವಾಗಿಲ್ಲ ಅಂತಲೂ ಸೇರಿಸಿ, ಅದರಿಂದ ಅವರ ಕೆಲಸ ಎಷ್ಟೋ ಹಗುರ. ಯಾರು ಬಿಡಿಸಿ ಉತ್ತರ ಕೊಡುತ್ತಾರೋ ಅಲ್ಲಿಗೆ ಹೋಗಿ. 'ನೋ ಪ್ರಾಬ್ಲಮ್' ಅಂತ ಒಂದೇ ಸಾಲು ಬಂದರೆ ನಾನಾದರೆ ಬಿಟ್ಟುಬಿಡುತ್ತೇನೆ. ಇಬ್ಬರ ಉತ್ತರ ಸಮ ಅನ್ನಿಸಿದರೆ ಅಕೆಲಾರ್ರೆ.

ಶನಿವಾರ ಯಾಕೆ ಅಂದರೆ, ಇಲ್ಲಿ ಭಾನುವಾರ ರಾತ್ರಿ ಮತ್ತು ಸೋಮವಾರ ಈ ಮಟ್ಟದ ಜಾಗಗಳು ಹೆಚ್ಚಾಗಿ ಮುಚ್ಚಿರುತ್ತವೆ, ಕೆಲವು ಮಂಗಳವಾರವೂ. ಬುಕ್ ಮಾಡುವಾಗ ಕಾರ್ಡ್ ನಂಬರ್ ಕೇಳುವುದು ಮಾಮೂಲು. ಎಷ್ಟು ಗಂಟೆ ಮೊದಲು ರದ್ದು ಮಾಡಬಹುದು ಅನ್ನುವುದನ್ನು ಅಲ್ಲೇ ಓದಿಕೊಳ್ಳಿ. ಕೋಟು, ಟೈ ಬೇಕಿಲ್ಲ. ಟಿಪ್ ಕಡ್ಡಾಯವಲ್ಲ. ವೈನ್ ಜೋಡಿ (ತಟ್ಟೆಗಳಿಗೆ ಹೊಂದುವಂತೆ ಕೊಡುವ ಬೇರೆ ಬೇರೆ ವೈನ್) ತೆಗೆದುಕೊಂಡರೆ ಬಿಲ್ ಜೋರಾಗಿ ಏರುತ್ತದೆ. ಇಬ್ಬರಿಗೆ ಒಂದು ಬಾಟಲ್ ಚಕೋಲಿ ಹೇಳಿ, ಇಲ್ಲಿಯದೇ ಹುಳಿ ಹುಳಿ ಬಿಳಿ ವೈನ್ ಅದು.

ನೀವಿಬ್ಬರೂ ಮೀನು ತಿನ್ನುವವರಾಗಿದ್ದರೆ ಈ ನಾಲ್ಕನ್ನೂ ಬಿಟ್ಟು ಗೆತಾರಿಯಾದ ಎಲ್ಕಾನೊಗೆ ಕಳಿಸುತ್ತಿದ್ದೆ. 25 ಕಿಲೋಮೀಟರ್ ದೂರದ ಮೀನುಗಾರರ ಊರು, ಬಸ್ ಇದೆ. ಅಲ್ಲಿ ಇದ್ದಿಲ ಮೇಲೆ ಇಡೀ ಟರ್ಬಟ್ ಮೀನನ್ನು ಚರ್ಮದ ಸಮೇತ ಸುಟ್ಟು ತರುತ್ತಾರೆ. ಟೇಬಲ್ ಪಕ್ಕದಲ್ಲೇ ಬಿಡಿಸುತ್ತಾ ಬೆನ್ನಿನ ಕಡೆಯದು, ಹೊಟ್ಟೆಯ ಕಡೆಯದು, ಕೆನ್ನೆ ಅಂತ ಒಂದೊಂದೇ ತುಂಡು ಕೊಡುತ್ತಾರೆ. ಒಂದು ಗಟ್ಟಿ, ಒಂದು ಬೆಣ್ಣೆ, ಎರಡೂ ಒಂದೇ ಮೀನಿನದು ಅಂದರೆ ನಂಬುವುದು ಕಷ್ಟ. ತಟ್ಟೆಯಲ್ಲಿ ಎಣ್ಣೆ ಮತ್ತು ಮೀನಿನ ಅಂಟು ಸೇರಿ ತಾನಾಗಿಯೇ ಸಾಸ್ ಆಗಿರುತ್ತದೆ, ತುಟಿ ಅಂಟಿಕೊಳ್ಳುತ್ತದೆ. ಕೊನೆಗೆ ಈಜುರೆಕ್ಕೆಯ ಮುಳ್ಳನ್ನು ಕೈಯಲ್ಲಿ ಹಿಡಿದು ಚೀಪಿ ಅನ್ನುತ್ತಾರೆ. ನಮ್ಮ ಕರಾವಳಿಯವರಿಗೆ ಇದನ್ನೇನೂ ಹೇಳಿಕೊಡಬೇಕಿಲ್ಲ! ಇದಕ್ಕೆ ಒಂದೇ ಸ್ಟಾರ್. ಆದರೆ ಸಸ್ಯಾಹಾರಿಯನ್ನು ಎದುರಿಗೆ ಕೂರಿಸಿಕೊಂಡು ಹೋಗುವ ಜಾಗ ಇದಲ್ಲ.

ಉಳಿದ ಹೊತ್ತುಗಳನ್ನು ಬಾರ್‌ಗಳಿಗೆ ಬಿಡಿ. ನೆಸ್ಟರ್ ಬಾರಿನಲ್ಲಿ ದಿನಕ್ಕೆ ಎರಡೇ ತೊರ್ತಿಯಾ ಮಾಡುತ್ತಾರೆ, ಮಧ್ಯಾಹ್ನ ಒಂದು, ರಾತ್ರಿ ಒಂದು. ಆಲೂಗಡ್ಡೆ, ಮೊಟ್ಟೆಯ ದಪ್ಪ ಆಮ್ಲೆಟ್ ಅದು, ಒಳಗೆ ಇನ್ನೂ ಹಸಿಹಸಿಯಾಗಿ ಇಳಿಯುತ್ತಿರುತ್ತದೆ. ಸುಮಾರು ಒಂದು ಗಂಟೆ ಮುಂಚೆ ಹೋಗಿ ಹೆಸರು ಬರೆಸಿದರೆ ಮಾತ್ರ ಒಂದು ತುಂಡು ಸಿಗುತ್ತದೆ. ಜೊತೆಗೆ ಎಣ್ಣೆ, ಕಲ್ಲುಪ್ಪು ಹಾಕಿದ ಟೊಮೆಟೊ, ಹುರಿದ ಹಸಿರು ಮೆಣಸಿನಕಾಯಿ ಹೇಳಿ, ಖಾರ ಇರುವುದಿಲ್ಲ. ಗನ್ಬಾರಾದಲ್ಲಿ ಹುರಿದ ಕಾಡು ಅಣಬೆ, ನಡುವೆ ಹಸಿ ಮೊಟ್ಟೆಯ ಹಳದಿ. ಅಕ್ಟೋಬರ್ ಅಣಬೆಯ ಕಾಲವೇ. ಲಾ ವಿನ್ಯಾದ ಮೇಲೆ ಕಪ್ಪಗೆ ಸುಟ್ಟ ಚೀಸ್‌ಕೇಕ್ ಅಂತೂ ನಿಮಗೆ ಗೊತ್ತೇ ಇರುತ್ತದೆ. ಉಳಿದ ಕಡೆ 'ತರಕಾರಿಯದು' ಅಂತ ತೋರಿಸಿದರೂ ಒಳಗೆ ಹ್ಯಾಮ್ ಚೂರೋ ಟ್ಯೂನಾನೋ ಇರಬಹುದು, ಮಾಂಸ ಬೇಡ, ಮೀನು ಬೇಡ, ಹ್ಯಾಮ್ ಬೇಡ ಅಂತ ಮೂರನ್ನೂ ಬಿಡಿಸಿ ಹೇಳಿ. ಇದಿಯಾಸಾಬಲ್ ಅನ್ನುವ ಇಲ್ಲಿಯ ಕುರಿ ಹಾಲಿನ ಚೀಸ್‌ಗೆ ಹೆಪ್ಪು ಹಾಕುವುದು ಪ್ರಾಣಿಯ ಹೊಟ್ಟೆಯಿಂದ ತೆಗೆದ ರೆನ್ನೆಟ್‌ನಿಂದ. ಅದು ಮುಖ್ಯವಾದರೆ ಅದನ್ನೂ ಬಿಡಿ.

ಈ ಬಾರ್‌ಗಳಲ್ಲೂ ಎಷ್ಟೋ ಸೋಮವಾರ ತೆರೆಯುವುದಿಲ್ಲ. ಹಾಗಾಗಿ ಶುಕ್ರವಾರ ರಾತ್ರಿ ಮತ್ತು ಭಾನುವಾರ ಮಧ್ಯಾಹ್ನ ಇವಕ್ಕೆ ಇಟ್ಟುಕೊಳ್ಳಿ. ಇಮೇಲ್‌ಗೆ ಯಾರಿಂದ ಏನು ಉತ್ತರ ಬಂತು ಅಂತ ಇಲ್ಲೇ ಹಾಕಿದರೆ ಬೇರೆ ಸಸ್ಯಾಹಾರಿಗಳಿಗೂ ಅನುಕೂಲ.