ವಿಮಾನ, ವಾದ್ಯ ಮತ್ತು ಮುಗಿಯದ ತಂತಿ ಪ್ರಶ್ನೆ

ರಜೆ ಹತ್ತಿರ ಬಂತೆಂದರೆ ವಾದ್ಯ ರಿಪೇರಿ ಮಾಡುವ ನನಗೆ ಬರುವ ಪ್ರಶ್ನೆಗಳೆಲ್ಲ ಒಂದೇ ಅಚ್ಚಿನವು. ತಂತಿ ಹೊತ್ತ ಕುದುರೆ ಯಾಕೆ ವಾಲಿದೆ, ತಂತಿ ಬಿಗಿಯುವ ಬಿರಡೆ ಯಾಕೆ ಜಾರುತ್ತಿದೆ ಅಂತ ಆಗ ಯಾರೂ ಕೇಳುವುದಿಲ್ಲ, ಎಲ್ಲರಿಗೂ ವಿಮಾನದಲ್ಲಿ ವಾದ್ಯ ಒಯ್ಯುವುದೇ ಚಿಂತೆ. ಕೇಳುವುದು ತಪ್ಪಲ್ಲ. ಯಾವುದೋ ವಿಡಿಯೊ ನೋಡಿ ತಂತಿಯನ್ನೆಲ್ಲ ಬಿಚ್ಚಿಟ್ಟು, ಆಮೇಲೆ "ಸರಿ ತಾನೆ ಸರ್?" ಅನ್ನುವವರಿಗೆ ಏನು ಹೇಳಲಿ? ಆದ್ದರಿಂದ ಈ ಸಲ ಎಲ್ಲಕ್ಕೂ ಒಟ್ಟಿಗೆ ಉತ್ತರಿಸುತ್ತಿದ್ದೇನೆ. ವಯಲಿನ್ ಕಮಾನಿನ ಕೂದಲು ಸಡಿಲಿಸಬೇಕು, ಪವರ್ ಬ್ಯಾಂಕನ್ನು ಚೆಕ್-ಇನ್ ಲಗೇಜಿಗೆ ಹಾಕಬಾರದು, ಇಂಥದ್ದನ್ನೆಲ್ಲ ಬರೆಯುವುದಿಲ್ಲ. ವಾದ್ಯ ಇಟ್ಟುಕೊಂಡವರಿಗೆ ಅಷ್ಟು ಗೊತ್ತಿರಬೇಕು.

ಪ್ರಶ್ನೆ: ಗಿಟಾರ್ ಜೊತೆ ಮೊದಲ ಸಲ ವಿಮಾನ ಹತ್ತುತ್ತಿದ್ದೇನೆ. ಕ್ಯಾಬಿನ್ನಿಗೇ ಒಯ್ಯುವ ಆಸೆ. ಮೇಲೆ ಗಾಳಿಯ ಒತ್ತಡಕ್ಕೆ ತಂತಿ ಕಿತ್ತುಹೋಗುತ್ತದೆ, ಪೂರ್ತಿ ಬಿಚ್ಚಿಬಿಡು ಎಂದು ಗೆಳೆಯರು ಹೇಳುತ್ತಾರೆ. ನಿಜವೇ? ಗೇಟಿನಲ್ಲಿ ತಡೆದರೆ ಏನು ಮಾಡಲಿ?

ನಿಜವಲ್ಲ. ಗಿಟಾರ್ ಗಾಳಿ ತುಂಬಿದ ಬಲೂನಲ್ಲ. ಅದರ ಹೊಟ್ಟೆಯಲ್ಲೇ ದೊಡ್ಡ ತೂತಿದೆ, ಒಳಗೂ ಹೊರಗೂ ಒತ್ತಡ ಯಾವಾಗಲೂ ಒಂದೇ. ವಿಮಾನ 35,000 ಅಡಿ ಎತ್ತರದಲ್ಲಿ ಹಾರುತ್ತಿದ್ದರೂ ಕ್ಯಾಬಿನ್ನಿನ ಒಳಗಿನ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು ಇರುತ್ತದೆ. ಅಂಥ ಎತ್ತರದ ಊರುಗಳಲ್ಲಿ ಜನ ದಿನವೂ ಗಿಟಾರ್ ನುಡಿಸುತ್ತಾರೆ, ಯಾರ ತಂತಿಯೂ ತಾನಾಗಿ ಹರಿಯುವುದಿಲ್ಲ. ಕೆಳಗೆ ಲಗೇಜ್ ತುಂಬುವ ಹೋಲ್ಡ್‌ನಲ್ಲಿ ಒತ್ತಡವೇ ಇರುವುದಿಲ್ಲ ಎನ್ನುವ ಇನ್ನೊಂದು ಕಟ್ಟುಕತೆಯೂ ಇದೆ. ಪ್ರಯಾಣಿಕರ ವಿಮಾನದಲ್ಲಿ ಲಗೇಜ್ ಹೋಲ್ಡ್‌ಗೂ ಕ್ಯಾಬಿನ್ನಿಗೂ ಒತ್ತಡ ಒಂದೇ. ನಾಯಿ, ಬೆಕ್ಕುಗಳು ಅಲ್ಲೇ ಕೂತು ಬದುಕಿ ಇಳಿಯುತ್ತವೆ. ಹೋಲ್ಡ್‌ನಲ್ಲಿ ಚಳಿ ಹೆಚ್ಚಿರಬಹುದು, ಅದು ಬೇರೆ ಮಾತು.

ಹಾಗಾದರೆ ಗಿಟಾರ್ ಮುರಿಯುವುದು ಯಾಕೆ? ಬೀಳುವುದರಿಂದ. ನನ್ನ ಮೇಜಿಗೆ ಬರುವ ವಿಮಾನದ ಗಾಯಗಳಲ್ಲಿ ನನಗೆ ಅತಿ ಪರಿಚಿತವಾದದ್ದು ಒಂದು: ತಂತಿಗಳು ತಲೆಗೆ ದಾಟುವ ಪಟ್ಟಿಯಾದ ನಟ್‌ನ ಹಿಂದೆ, ಕತ್ತು ಮುಗಿದು ತಲೆ ಶುರುವಾಗುವ ಜಾಗದಲ್ಲಿ ಓರೆಯಾಗಿ ಸೀಳಿದ ಮರ. ಇಡೀ ಕತ್ತಿನಲ್ಲಿ ಮರ ತೀರಾ ತೆಳುವಾಗಿರುವುದು ಅಲ್ಲಿಯೇ. ಎಷ್ಟೋ ಗಿಟಾರುಗಳಲ್ಲಿ ಕತ್ತಿನ ಒಳಗಿನ ಕಬ್ಬಿಣದ ರಾಡಿಗೆಂದು ಅಲ್ಲೇ ಮರ ಕೊರೆದು ಇನ್ನಷ್ಟು ಟೊಳ್ಳು ಮಾಡಿರುತ್ತಾರೆ. ಕೇಸ್ ಧೊಪ್ಪನೆ ಬಿದ್ದಾಗ ಒಡಲು ತಟ್ಟನೆ ನಿಲ್ಲುತ್ತದೆ, ಆರು ಲೋಹದ ಕೀಲಿ ಹೊತ್ತ ತಲೆ ಮಾತ್ರ ನಿಲ್ಲುವುದಿಲ್ಲ. ಅದರ ಜೊತೆಗೆ ತಂತಿಗಳ ಎಳೆತ. ಸ್ಟೀಲ್ ತಂತಿಯ ಗಿಟಾರ್ ಶ್ರುತಿಯಲ್ಲಿದ್ದರೆ ಆರೂ ತಂತಿ ಸೇರಿ ಸುಮಾರು 70 ಕೆ.ಜಿ.ಯಷ್ಟು ಎಳೆಯುತ್ತಿರುತ್ತವೆ. ಹೊರಗೆ ಕೇಸಿನ ಮೇಲೆ ಒಂದು ಗೀರೂ ಇರುವುದಿಲ್ಲ, ತೆರೆದರೆ ತಲೆ ತಂತಿಗೆ ಜೋತುಬಿದ್ದಿರುತ್ತದೆ.

ಈಗ ನಿಮ್ಮ ಪ್ರಶ್ನೆಗೆ ನೀವೇ ಉತ್ತರ ಹೇಳಬಹುದು. ಗಿಟಾರ್ ನಿಮ್ಮ ಜೊತೆ ಕ್ಯಾಬಿನ್ನಿನಲ್ಲಿದ್ದರೆ ತಂತಿ ಮುಟ್ಟಬೇಡಿ. ಹೋಲ್ಡ್‌ಗೆ ಹೋಗುವುದಾದರೆ ಶ್ರುತಿಯನ್ನು ಎರಡು-ಮೂರು ಅರ್ಧಸ್ವರ ಇಳಿಸಿ, ಅಷ್ಟು ಸಾಕು. ತಲೆಯ ಕೆಳಗೂ ಮೇಲೂ ಬಟ್ಟೆ ತುರುಕಿ, ಕೇಸ್ ಮುಚ್ಚಿ ಅಲ್ಲಾಡಿಸಿ ನೋಡಿ. ಒಳಗೆ ಏನಾದರೂ ಕದಲಿದ ಸದ್ದು ಬಂದರೆ ಮತ್ತೆ ತೆರೆದು ಇನ್ನಷ್ಟು ಬಟ್ಟೆ ಹಾಕಿ. ಪೂರ್ತಿ ಸಡಿಲಿಸಿ ಎನ್ನುವವರ ಮಾತು ಕೇಳಿ ವಯಲಿನ್ನಿಗೂ ಹಾಗೇ ಮಾಡುತ್ತಾರಲ್ಲ, ಅವರ ಮೇಲೆ ನನಗೆ ನಿಜಕ್ಕೂ ಸಿಟ್ಟು. ವಯಲಿನ್ನಿನ ಒಳಗಿರುವ ಸೌಂಡ್ ಪೋಸ್ಟ್ ಎಂಬ ಮರದ ಕಡ್ಡಿಗೆ ಅಂಟು ಹಾಕಿರುವುದಿಲ್ಲ. ಮೇಲಿನ ಹಲಗೆಗೂ ಬೆನ್ನಿನ ಹಲಗೆಗೂ ನಡುವೆ ಬಿಗಿಯಾಗಿ ಸಿಕ್ಕಿಕೊಂಡು ನಿಂತಿರುತ್ತದೆ, ತಂತಿಯ ಒತ್ತಡ ಹೋದರೆ ಬಿದ್ದೇ ಹೋಗಬಹುದು. ಅದರ ಜೊತೆ ಕುದುರೆಯೂ ಮಗುಚುತ್ತದೆ, ತಂತಿ ಕಟ್ಟಿದ ತುಂಡಿನ ಲೋಹದ ಸ್ಕ್ರೂಗಳು ಮೇಲ್ಹಲಗೆಯ ವಾರ್ನಿಷನ್ನು ಗೀರುತ್ತವೆ. ವಿಡಿಯೊ ಮಾಡಿದವರು ಅದನ್ನು ಸರಿಮಾಡಿಕೊಡಲು ಬರುವುದಿಲ್ಲ.

ಇನ್ನು ಕ್ಯಾಬಿನ್ನಿಗೆ ಬಿಡುತ್ತಾರಾ ಎನ್ನುವುದು. ವಿಮಾನ ಸಂಸ್ಥೆಗಳ ವೆಬ್‌ಸೈಟ್ ಓದಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಿರುತ್ತದೆ: ಚಿಕ್ಕ ವಾದ್ಯಗಳನ್ನು ಒಯ್ಯಬಹುದು, ಜಾಗ ಇದ್ದರೆ, ಸಿಬ್ಬಂದಿ ಒಪ್ಪಿದರೆ. ಲೆಕ್ಕಕ್ಕೆ ಬಂದರೆ ಕ್ಯಾಬಿನ್ ಬ್ಯಾಗಿನ ಉದ್ದ ಸಾಮಾನ್ಯವಾಗಿ 55 ಸೆಂ.ಮೀ. ಆಸುಪಾಸು. ವಯಲಿನ್ನಿನ ಆಯತಾಕಾರದ ಕೇಸೇ ಸುಮಾರು 80 ಸೆಂ.ಮೀ., ಗಿಟಾರ್ ಒಂದು ಮೀಟರ್ ದಾಟುತ್ತದೆ. ಅಂದರೆ ಕಾಗದದ ಮೇಲೆ ವಯಲಿನ್ನೂ ಅಳತೆ ಮೀರಿದ್ದೇ. ದಿನವೂ ಅಷ್ಟೊಂದು ವಯಲಿನ್ ಹಾರುತ್ತಿರುವುದು ಸಂಸ್ಥೆಗಳು ವಾದ್ಯಕ್ಕೆ ಕೊಟ್ಟಿರುವ ವಿನಾಯಿತಿಯಿಂದ, ವಿನಾಯಿತಿ ಇಲ್ಲದ ಕಡೆ ಸಿಬ್ಬಂದಿಯ ಸಹನೆಯಿಂದ. ಅಮೆರಿಕದಲ್ಲಿ ಮಾತ್ರ ಇದಕ್ಕೆ ಕಾನೂನೇ ಇದೆ. 2012ರ ಕಾಯ್ದೆಯಂತೆ ರೂಪಿಸಿದ ನಿಯಮ 2015ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಅಲ್ಲಿನ ವಿಮಾನ ಸಂಸ್ಥೆಗಳು ವಯಲಿನ್, ಗಿಟಾರಿನಂಥ ವಾದ್ಯವನ್ನು ಕ್ಯಾಬಿನ್ ಬ್ಯಾಗಿನ ಬದಲಿಗೆ ಒಳಗೆ ಬಿಡಲೇಬೇಕು, ವಾದ್ಯವೆಂಬ ಕಾರಣಕ್ಕೆ ಹೆಚ್ಚಿನ ಶುಲ್ಕ ಕೇಳುವಂತಿಲ್ಲ. ಆದರೆ ಆ ಕಾನೂನಿನಲ್ಲೂ ಒಂದು ಷರತ್ತಿದೆ, ನೀವು ವಿಮಾನ ಹತ್ತುವ ಹೊತ್ತಿಗೆ ಜಾಗ ಇರಬೇಕು. ನಿಮಗಾಗಿ ಬೇರೆಯವರ ಬ್ಯಾಗ್ ತೆಗೆಸುವುದಿಲ್ಲ. ಹಾಗೆಯೇ ಒಮ್ಮೆ ಇಟ್ಟ ನಿಮ್ಮ ವಾದ್ಯವನ್ನು ಬೇರೆಯವರ ಸೂಟ್‌ಕೇಸಿಗಾಗಿ ತೆಗೆಸುವಂತೆಯೂ ಇಲ್ಲ.

ಕಾನೂನು ಇರಲಿ ಬಿಡಲಿ, ಎಲ್ಲ ಕಡೆಯೂ ಆಟ ನಿಂತಿರುವುದು ಜಾಗದ ಮೇಲೆ. ಆದ್ದರಿಂದ ದುಡ್ಡು ಖರ್ಚು ಮಾಡುವುದಿದ್ದರೆ ಬೇರೆಯವರಿಗಿಂತ ಮೊದಲು ವಿಮಾನ ಹತ್ತಿಸುವ ಸಾಲಿಗೆ ಮಾಡಿ. ದುಬಾರಿ ಕೇಸಿಗಿಂತ ಅದೇ ಹೆಚ್ಚು ವಾದ್ಯ ಉಳಿಸುತ್ತದೆ. ಟಿಕೆಟ್ ತೆಗೆಯುವಾಗ ಯಾವ ವಿಮಾನ ಎಂದು ನೋಡಿ. ಏರ್‌ಬಸ್ 320, ಬೋಯಿಂಗ್ 737 ಗಾತ್ರದ ವಿಮಾನಗಳಲ್ಲಿ ತಲೆಯ ಮೇಲಿನ ಖಾನೆಯಲ್ಲಿ ತೆಳು ಕೇಸಿನ ಗಿಟಾರ್ ಉದ್ದಕ್ಕೆ ಮಲಗಬಲ್ಲದು. ಎಟಿಆರ್‌ನಂಥ ಪ್ರೊಪೆಲರ್ ವಿಮಾನ ಅಥವಾ ಪುಟ್ಟ ಜೆಟ್ ಆದರೆ ಆ ಆಸೆ ಬಿಡಿ, ಖಾನೆಯೇ ಕಿರಿದು. ಎರಡು ವಿಮಾನ ಬದಲಿಸುವ ಪ್ರಯಾಣದಲ್ಲಿ ಎರಡನೆಯದು ಚಿಕ್ಕದಾಗಿರಬಹುದು, ಜನ ಸಿಕ್ಕಿಬೀಳುವುದು ಅಲ್ಲಿ. ನಿಮ್ಮ ಸಂಸ್ಥೆಯ ವಾದ್ಯ ನಿಯಮವನ್ನು ಪ್ರಿಂಟ್ ತೆಗೆದುಕೊಂಡು ಹೋಗಿ. ಫೋನಿನಲ್ಲಿ ತೋರಿಸುತ್ತೇನೆ ಎಂದರೆ ಸಾಲಿನಲ್ಲಿ ನಿಂತಾಗ ನೆಟ್‌ವರ್ಕ್ ಇರುವುದಿಲ್ಲ.

ಗೇಟಿನಲ್ಲಿ ತಡೆದರೆ ಜಗಳಕ್ಕೆ ನಿಲ್ಲಬೇಡಿ. "ಇದು ಒಡೆದುಹೋಗುವ ವಸ್ತು, ಒಳಗಿನ ಕೋಟ್ ಕಪಾಟಿನಲ್ಲಿ ಜಾಗ ಇದೆಯಾ, ಒಮ್ಮೆ ಕೇಳುತ್ತೀರಾ?" ಎಂದು ನಗುಮುಖದಲ್ಲಿ ಕೇಳಿ. ಆ ಕಪಾಟು ಎಲ್ಲ ವಿಮಾನದಲ್ಲೂ ಇರುವುದಿಲ್ಲ, ಇದ್ದರೂ ಕೊಡಲೇಬೇಕೆಂದಿಲ್ಲ. ಕೇಳಿದ್ದಕ್ಕೆ ನಷ್ಟವಿಲ್ಲ. ಆಗದು ಎಂದರೆ ಗೇಟಿನಲ್ಲೇ ವಾದ್ಯವನ್ನು ಹೋಲ್ಡ್‌ಗೆ ಒಪ್ಪಿಸುವ ಗೇಟ್ ಚೆಕ್ ಚೀಟಿ ಹಾಕಿಸಿ, ಇಳಿದಾಗ ವಿಮಾನದ ಬಾಗಿಲಲ್ಲೇ ವಾಪಸ್ ಕೊಡಿ ಎಂದು ಸ್ಪಷ್ಟವಾಗಿ ಹೇಳಿ. ಕನ್ವೇಯರ್ ಬೆಲ್ಟಿಗೆ ಬಿದ್ದರೆ ಮತ್ತೊಂದಿಷ್ಟು ಏಟು ತಿನ್ನುತ್ತದೆ. ತಂತಿ ಇಳಿಸುವುದು, ತಲೆಗೆ ಬಟ್ಟೆ ಒತ್ತುವುದು ಆಗ, ಆ ಗೇಟಿನ ಪಕ್ಕದ ಕುರ್ಚಿಯಲ್ಲಿ. ಬಟ್ಟೆಯಂತೂ ಮೊದಲೇ ಕೇಸಿನಲ್ಲಿರಲಿ. ಇದೆಲ್ಲ ಗಟ್ಟಿ ಕೇಸ್ ಇದ್ದವರಿಗೆ. "ಕ್ಯಾಬಿನ್ನಿಗೆ ತಾನೆ" ಎಂದು ತೆಳು ಬಟ್ಟೆಯ ಚೀಲದಲ್ಲಿ ಗಿಟಾರ್ ತಂದು, ಗೇಟಿನಲ್ಲಿ ತಡೆದ ಮೇಲೆ ಅಳುವವರಿಗೆ ನನ್ನಲ್ಲಿ ಔಷಧವಿಲ್ಲ. ನಾನಾದರೆ ಆ ಚೀಲದಲ್ಲಿ ಗಿಟಾರನ್ನು ಆಟೊದಲ್ಲೂ ಒಯ್ಯುವುದಿಲ್ಲ.

ಪ್ರಶ್ನೆ: ಕೌಂಟರಿನಲ್ಲಿ ಗಿಟಾರನ್ನು ಬೆನ್ನ ಹಿಂದೆ ಮರೆಮಾಡಿದರೆ ಗೊತ್ತಾಗುವುದಿಲ್ಲವಂತೆ?

ಗೇಟಿನಲ್ಲಿರುವವರಿಗೂ ಕಣ್ಣಿದೆ.

ಪ್ರಶ್ನೆ: ಎಕ್ಸ್-ರೇಯಿಂದ ವಾದ್ಯದ ನಾದ ಕೆಡುತ್ತದೆಯೇ?

ಇಲ್ಲ. ಇದನ್ನು ಇನ್ನೊಮ್ಮೆ ಕೇಳಬೇಡಿ.

ಪ್ರಶ್ನೆ: 'ಫ್ರಜೈಲ್' ಸ್ಟಿಕರ್ ಎಷ್ಟು ಅಂಟಿಸಬೇಕು?

ಎಷ್ಟಾದರೂ ಅಂಟಿಸಿ, ಬೆಲ್ಟಿಗೆ ಓದಲು ಬರುವುದಿಲ್ಲ. ನೋಡಬೇಕಾದ್ದು ಸ್ಟಿಕರಿನ ಜೊತೆ ಸಹಿಗೆ ಕೊಡುವ ಕಾಗದವನ್ನು. ಹಾನಿಯಾದರೆ ನಾವು ಹೊಣೆಯಲ್ಲ ಎಂದು ಅದರಲ್ಲಿ ಬರೆದಿರಬಹುದು. ಓದದೆ ಸಹಿ ಹಾಕಬೇಡಿ.

ಪ್ರಶ್ನೆ: ಪ್ರಯಾಣಕ್ಕೆ ಮುಂಚೆ ಮರಕ್ಕೆ ಎಣ್ಣೆ ಹಚ್ಚಿಸಿದರೆ ಬಿರುಕು ಬಿಡುವುದಿಲ್ಲ ಎಂದು ಒಬ್ಬರು ಹೇಳಿ ದುಡ್ಡು ಕೇಳಿದ್ದಾರೆ. ಕೊಡಲೇ?

ಕೊಡಬೇಡಿ. ಎಣ್ಣೆ ಹೀರಿದ ಬಿರುಕಿಗೆ ಆಮೇಲೆ ಅಂಟೂ ಹಿಡಿಯುವುದಿಲ್ಲ, ಅದನ್ನು ಸರಿಮಾಡುವ ಕರ್ಮ ನಮ್ಮಂಥವರದ್ದು. ಬಿರುಕಿನ ಭಯಕ್ಕೆ ಮಾತ್ರ ಕಾರಣವಿದೆ. ದೂರದ ಹಾರಾಟದಲ್ಲಿ ಕ್ಯಾಬಿನ್ನಿನ ತೇವಾಂಶ ಶೇ 10ರಿಂದ 20ಕ್ಕೆ ಇಳಿಯುತ್ತದೆ, ವಾದ್ಯಕ್ಕೆ ಹಿತವಾದದ್ದು ಶೇ 40ರಿಂದ 60. ಮುಚ್ಚಿದ ಕೇಸೇ ಅರ್ಧ ಕೆಲಸ ಮಾಡುತ್ತದೆ, ಆದ್ದರಿಂದ ದಾರಿಯಲ್ಲಿ ಪದೇಪದೇ ತೆರೆದು ನೋಡಬೇಡಿ. ಹತ್ತು-ಹನ್ನೆರಡು ಗಂಟೆಯ ಹಾರಾಟವಾದರೆ ಕೇಸಿನ ಒಳಗಿಡುವ ತೇವಾಂಶದ ಪ್ಯಾಕೆಟ್ ಒಂದನ್ನು ಹಾಕಿ. ತೊಟ್ಟಿಕ್ಕುವ ಸ್ಪಂಜು ಬೇಡ. ಮರದ ಬಿರಡೆಗಳು ಒಣಗಿ ಕುಗ್ಗಿ ಜಾರುವುದುಂಟು. ಇಳಿದ ಮೇಲೆ ತಂತಿ ಸಡಿಲವಾಗಿದ್ದರೆ ಗಾಬರಿಪಟ್ಟು ಒಂದೇ ಸಲ ಬಿಗಿಯಬೇಡಿ. ಮೊದಲು ಕುದುರೆ ನೆಟ್ಟಗಿದೆಯೇ ನೋಡಿಕೊಂಡು, ಬಿರಡೆಯನ್ನು ಒಳಕ್ಕೆ ಒತ್ತುತ್ತ ಸ್ವಲ್ಪಸ್ವಲ್ಪವೇ ಏರಿಸಿ.

ಪ್ರಶ್ನೆ: ಸೆಲ್ಲೊ, ವೀಣೆಯಂಥ ದೊಡ್ಡ ವಾದ್ಯಗಳಿಗೆ ಸೀಟು ಕೊಳ್ಳಬಹುದೇ?

ಬಹುಪಾಲು ಸಂಸ್ಥೆಗಳಲ್ಲಿ ಕೊಳ್ಳಬಹುದು. ಆನ್‌ಲೈನಿನಲ್ಲಿ ಇನ್ನೊಂದು ಟಿಕೆಟ್ ಒತ್ತಿಬಿಟ್ಟರೆ ಸಾಲದು, ಫೋನ್ ಮಾಡಿ ವಾದ್ಯಕ್ಕೆಂದೇ ಬುಕ್ ಮಾಡಿಸಿ, ಅಳತೆ ತೂಕ ಎರಡನ್ನೂ ಹೇಳಿ. ಸಾಮಾನ್ಯವಾಗಿ ಕಿಟಕಿ ಪಕ್ಕದ ಸೀಟೇ ಸಿಗುವುದು, ತುರ್ತು ಬಾಗಿಲ ಸಾಲು ಸಿಗದು. ಬೆಲ್ಟ್ ಸಾಲದಿದ್ದರೆ ಎಕ್ಸ್‌ಟೆಂಡರ್ ಕೇಳಿ. ಸೀಟಿಗೆ ಪೂರ್ತಿ ದುಡ್ಡು ಕೊಟ್ಟರೂ ಪದೇಪದೇ ಹಾರುವವರಿಗೆ ಸಂಸ್ಥೆ ಕೊಡುವ ಮೈಲ್ಸ್ ಎಂಬ ಅಂಕ ಸಿಗುತ್ತದೆಂದು ಲೆಕ್ಕ ಹಾಕಬೇಡಿ. ಅಮೆರಿಕದ ಸೆಲ್ಲೊ ವಾದಕ ಲಿನ್ ಹ್ಯಾರೆಲ್ ತಮ್ಮ ಸೆಲ್ಲೊ ಹೆಸರಿನಲ್ಲಿ ಮೈಲ್ಸ್ ಕೂಡಿಸಿದ್ದಕ್ಕೆ 2012ರಲ್ಲಿ ವಿಮಾನ ಸಂಸ್ಥೆ ಸೆಲ್ಲೊದ ಖಾತೆಯ ಜೊತೆ ಅವರದ್ದನ್ನೂ ರದ್ದು ಮಾಡಿತ್ತು.

ಪ್ರಶ್ನೆ: ನನ್ನ ಹಳೆಯ ಕಮಾನಿನಲ್ಲಿ ಆನೆದಂತದ ತುಂಡಿದೆ. ಗಿಟಾರ್ ಬೀಟೆ ಮರದ್ದು. ವಿದೇಶಕ್ಕೆ ಒಯ್ಯಬಹುದೇ?

ಬೀಟೆ ಮರದ ಸಿದ್ಧ ವಾದ್ಯಗಳಿಗೆ 2017ರಲ್ಲಿ ಬಂದಿದ್ದ ಅಂತಾರಾಷ್ಟ್ರೀಯ ಪರವಾನಗಿಯ ಕಾಟ 2019ರ ನವೆಂಬರಿನಲ್ಲಿ ತೊಲಗಿತು. ಬ್ರೆಜಿಲ್ ಬೀಟೆಗೆ ಮಾತ್ರ 1992ರಿಂದಲೂ ಅತಿ ಬಿಗಿ ನಿಯಮ, ಅದು ಹಾಗೇ ಇದೆ. ದಂತಕ್ಕೂ ಅಷ್ಟೇ. ಸ್ವಂತ ವಾದ್ಯವನ್ನು ಮಾರಾಟಕ್ಕಲ್ಲದೆ ಒಯ್ಯುವವರಿಗೆ, ಅಳಿವಿನಂಚಿನ ಪ್ರಾಣಿ-ಸಸ್ಯಗಳ ವ್ಯಾಪಾರವನ್ನು ಹತೋಟಿಯಲ್ಲಿಡುವ ಸೈಟಿಸ್ ಒಪ್ಪಂದದಡಿ ಮೂರು ವರ್ಷದ ವಾದ್ಯ ಪ್ರಮಾಣಪತ್ರದ ವ್ಯವಸ್ಥೆ ಇದೆ. ಆದರೂ ಕೆಲವು ದೇಶಗಳ ಸ್ವಂತ ಕಾನೂನು ಅದಕ್ಕಿಂತ ಕಠಿಣ. "ಚಿಕ್ಕ ಚೂರು, ಯಾರು ನೋಡುತ್ತಾರೆ" ಎನ್ನುವವರ ಮಾತು ನಂಬಬೇಡಿ, ಮುಟ್ಟುಗೋಲಾದದ್ದು ಸುಲಭಕ್ಕೆ ವಾಪಸ್ ಬರುವುದಿಲ್ಲ. ನನ್ನನ್ನು ಕೇಳಿದರೆ ಆ ಕಮಾನು ಮನೆಯಲ್ಲೇ ಇರಲಿ, ಕಾರ್ಬನ್ ಫೈಬರ್ ಕಮಾನು ಒಯ್ಯಿರಿ.

ಪ್ರಶ್ನೆ: ಮುರಿದೇ ಹೋದರೆ?

ವಿಮಾನ ನಿಲ್ದಾಣ ಬಿಡುವ ಮುಂಚೆ ಕೇಸ್ ತೆರೆದು ನೋಡಿ, ಫೋಟೊ ತೆಗೆಯಿರಿ, ಬ್ಯಾಗೇಜ್ ಕೌಂಟರಿನಲ್ಲಿ ಲಿಖಿತ ದೂರು ಕೊಟ್ಟು ಪ್ರತಿ ಪಡೆಯಿರಿ. ಹೊರಡುವಾಗಿನ ಫೋಟೊ ಇಲ್ಲದಿದ್ದರೆ ಅದು ಮೊದಲೇ ಮುರಿದಿತ್ತು ಎನ್ನುತ್ತಾರೆ. ವಿಮಾನ ಸಂಸ್ಥೆಗಳ ಹೊಣೆ ಎಷ್ಟೆಂದು ಹೇಳುವ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುವ ಅಂತಾರಾಷ್ಟ್ರೀಯ ಪ್ರಯಾಣದಲ್ಲಿ ಚೆಕ್-ಇನ್ ಲಗೇಜಿನ ಹಾನಿಗೆ 7 ದಿನದೊಳಗೆ ಲಿಖಿತ ದೂರು ಕೊಡಬೇಕು. ದೇಶದೊಳಗಿನ ಹಾರಾಟದಲ್ಲಿ ಗಡುವು ಒಂದೇ ದಿನ ಇರಬಹುದು. ಕೆನಡಾದ ಗಾಯಕ ಡೇವ್ ಕ್ಯಾರೊಲ್ ಅವರ ಗಿಟಾರ್ 2008ರಲ್ಲಿ ಮುರಿದಾಗ 24 ಗಂಟೆಯೊಳಗೆ ದೂರು ಕೊಟ್ಟಿಲ್ಲವೆಂದು ಸಂಸ್ಥೆ ಕೈತೊಳೆದುಕೊಂಡಿತು. ಅವರು ಮರುವರ್ಷ ಹಾಡು ಕಟ್ಟಿ ಯೂಟ್ಯೂಬಿಗೆ ಹಾಕಿ ಲೋಕವೆಲ್ಲ ನಗುವಂತೆ ಮಾಡಿದರು. ನಿಮಗೆ ಹಾಡು ಕಟ್ಟಲು ಬಾರದಿದ್ದರೆ ಗಡುವು ನೋಡಿಕೊಳ್ಳಿ. ಪರಿಹಾರದ ಮಿತಿಯೂ ಗೊತ್ತಿರಲಿ: ಆ ಒಪ್ಪಂದದಲ್ಲಿ 2024ರ ಡಿಸೆಂಬರ್ 28ರಿಂದ ಒಬ್ಬ ಪ್ರಯಾಣಿಕರ ಎಲ್ಲ ಲಗೇಜಿಗೂ ಸೇರಿ 1,519 ಎಸ್‌ಡಿಆರ್ (ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ), ಅಂದರೆ ಸುಮಾರು 2,000 ಡಾಲರ್. ವಾದ್ಯ ಅದಕ್ಕಿಂತ ಬೆಲೆಬಾಳುವುದಾದರೆ ಬೇರೆ ವಿಮೆ ಮಾಡಿಸಿ.

ಪ್ರಶ್ನೆ: ಯಾವ ಕಂಪನಿಯ ಕೇಸ್ ಒಳ್ಳೆಯದು?

ನಿಮ್ಮ ವಾದ್ಯ ಒಳಗೆ ಅಲ್ಲಾಡದ ಯಾವುದಾದರೂ.

ಪ್ರಶ್ನೆ: ಇಳಿದ ಕೂಡಲೆ ನುಡಿಸಬಹುದೇ?

ಕ್ಯಾಬಿನ್ನಿನಲ್ಲಿ ಬಂದಿದ್ದರೆ ನುಡಿಸಿ. ಹೋಲ್ಡ್‌ನಲ್ಲಿ ತಣ್ಣಗಾಗಿ ಬಂದಿದ್ದರೆ ಮುರಿದಿದೆಯೇ ಎಂದು ಒಂದು ಕ್ಷಣ ನೋಡಿ ಮತ್ತೆ ಮುಚ್ಚಿ, ಕೋಣೆಯಲ್ಲಿ ಕೆಲವು ಗಂಟೆ ಹಾಗೇ ಬಿಡಿ. ತಣ್ಣಗಿನ ಮರಕ್ಕೆ ಬೆಚ್ಚನೆ ಗಾಳಿ ಒಮ್ಮೆಲೇ ತಗುಲಿದರೆ ವಾರ್ನಿಷಿನಲ್ಲಿ ಕೂದಲೆಳೆಯ ಬಿರುಕು ಹರಡುತ್ತದೆ. ಅದನ್ನು ಅಳಿಸಿಕೊಡಿ ಎಂದು ನನ್ನ ಬಳಿ ತರಬೇಡಿ, ಅದು ಅಳಿಸುವಂಥದ್ದಲ್ಲ.