ಎಂ.ಎ. ಇತಿಹಾಸದಲ್ಲಿ ವಿಶ್ವ ಇತಿಹಾಸ ಆರಿಸಲೋ, ಪ್ರಾದೇಶಿಕ ಇತಿಹಾಸವೋ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು: ಎಂ.ಎ. ಇತಿಹಾಸಕ್ಕೆ ಸೇರುತ್ತಿದ್ದೀರಿ. ವಿಶ್ವ ಇತಿಹಾಸ, ಪ್ರಾದೇಶಿಕ ಇತಿಹಾಸ ಎರಡರಲ್ಲಿ ಒಂದನ್ನು ವಿಶೇಷ ವಿಷಯವಾಗಿ ಆರಿಸಬೇಕು. ಪ್ರಾದೇಶಿಕ ತೆಗೆದುಕೊಂಡರೆ ಬಾವಿಕಪ್ಪೆಯಾಗಿ ಬಿಡುತ್ತೇನೇನೋ ಅನ್ನುವ ಭಯ. ನಾನು ಓದಿದ್ದು ಪ್ರಾದೇಶಿಕ ಇತಿಹಾಸವೇ. ಹಾಗಾಗಿ ನನ್ನ ಮಾತು ಸ್ವಲ್ಪ ಆ ಕಡೆ ವಾಲಿದರೆ ಆಶ್ಚರ್ಯಪಡಬೇಡಿ.

ಮೊದಲೇ ಹೇಳಿಬಿಡುತ್ತೇನೆ. ಭೂಪಟದ ಅಳತೆ ನೋಡಿ ಆರಿಸಬೇಡಿ. ಯಾವ ಭಾಷೆಯ, ಯಾವ ಲಿಪಿಯ ಹಳೆಯ ಕಾಗದ ನಿಮಗೆ ಓದಲು ಬರುತ್ತದೆ, ಅಥವಾ ಈ ಎರಡು ವರ್ಷದಲ್ಲಿ ಕಲಿಯುವ ಹುಮ್ಮಸ್ಸಿದೆ, ಅದನ್ನು ನೋಡಿ ಆರಿಸಿ.

ವಿಶ್ವ ಇತಿಹಾಸದ ಸಿಲಬಸ್ ಕೈಗೆ ಸಿಕ್ಕರೆ ಒಮ್ಮೆ ತೆಗೆದು ನೋಡಿ. ಎಷ್ಟೋ ಕಡೆ ಅದರಲ್ಲಿ ಇರುವುದು ಪುನರುಜ್ಜೀವನ, ಮತ ಸುಧಾರಣೆ, ಫ್ರೆಂಚ್ ಕ್ರಾಂತಿ, ಕೈಗಾರಿಕಾ ಕ್ರಾಂತಿ, ರಷ್ಯಾದ ಕ್ರಾಂತಿ, ಎರಡು ಮಹಾಯುದ್ಧ. ಇದು ಹೆಚ್ಚುಕಡಿಮೆ ಯುರೋಪಿನ ಪ್ರಾದೇಶಿಕ ಇತಿಹಾಸ ಅಲ್ವಾ? ಹೆಸರು ಮಾತ್ರ ದೊಡ್ಡದು. ಅದನ್ನು ಓದಬಾರದು ಅಂತ ಹೇಳುತ್ತಿಲ್ಲ. ಆದರೆ ಅದನ್ನು ಓದಿದ ಮಾತ್ರಕ್ಕೆ ಜಗತ್ತು ನೋಡಿದ ಹಾಗಾಗುವುದಿಲ್ಲ.

ಇನ್ನು ಬಾವಿಕಪ್ಪೆಯ ವಿಷಯ. ಒಂದು ಉದಾಹರಣೆ ಕೊಡುತ್ತೇನೆ, ಸ್ವಲ್ಪ ಉದ್ದವಾಗುತ್ತದೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಉತ್ತರದವರು ದಕ್ಷಿಣದ ಬಂದರುಗಳಿಗೆ ತಡೆ ಹಾಕಿದರು. ಇಂಗ್ಲೆಂಡಿನ ಲ್ಯಾಂಕಾಷೈರಿನ ಮಿಲ್ಲುಗಳಿಗೆ ಅಲ್ಲಿಂದ ಹತ್ತಿ ಬರುವುದು ಹೆಚ್ಚುಕಡಿಮೆ ನಿಂತುಹೋಯಿತು. ಮ್ಯಾಂಚೆಸ್ಟರಿನ ವರ್ತಕರ ಕಣ್ಣು ಧಾರವಾಡದ ಕಪ್ಪು ಮಣ್ಣಿನ ಮೇಲೆ ಬಿತ್ತು. ಅಲ್ಲಿ ಅಮೆರಿಕದ ಬೀಜದ ಹತ್ತಿ ಆಗಲೇ ಬೇರೂರಿತ್ತು. ಆದರೆ ಹತ್ತಿ ಎತ್ತಿನಗಾಡಿಯಲ್ಲಿ ಘಟ್ಟ ಇಳಿದು ಸಮುದ್ರ ಸೇರಬೇಕು. ಒಳ್ಳೆಯ ಬಂದರು ಬೇಕು. ಅವರಿಗೆ ಕಂಡಿದ್ದು ಕಾರವಾರ. ಇಲ್ಲಿ ಒಂದು ತೊಡಕಿತ್ತು. ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿ, ಕಾರವಾರ ಮದ್ರಾಸ್ ಪ್ರಾಂತ್ಯದಲ್ಲಿ. ಹತ್ತಿ ಒಬ್ಬರದು, ಬಂದರು ಇನ್ನೊಬ್ಬರದು. ಕೊನೆಗೆ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬಯಿಗೆ ಸೇರಿಸಿದರು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಕುಸಿಯಿತು. ಘಟ್ಟ ಇಳಿದ ರೈಲು ಹಳಿಯೂ 1880ರ ದಶಕದ ಕೊನೆಗೆ ಹೋಗಿದ್ದು ಗೋವಾದ ಮುರ್ಗಾಂವ್ ಬಂದರಿಗೆ. ಕಾರವಾರ ಕಾಯುತ್ತಲೇ ಉಳಿಯಿತು.

ಈಗ ಹೇಳಿ, ಇದು ಜಿಲ್ಲೆಯ ಇತಿಹಾಸವೋ, ವಿಶ್ವ ಇತಿಹಾಸವೋ? ಇದೇ ಹತ್ತಿಯ ಹಸಿವು ಈಜಿಪ್ಟಿಗೂ ಹಣದ ಹೊಳೆ ಹರಿಸಿತು. ಆ ಅಬ್ಬರ ಇಳಿದ ಮೇಲೂ ಅಲ್ಲಿನ ಸರ್ಕಾರ ಸಾಲ ಮಾಡುತ್ತಲೇ ಹೋಯಿತು. 1876ಕ್ಕೆ ದಿವಾಳಿಯಾಯಿತು, 1882ಕ್ಕೆ ಬ್ರಿಟಿಷ್ ಸೇನೆ ಬಂದು ಕೂತಿತು. ಧಾರವಾಡವನ್ನೂ ಈಜಿಪ್ಟನ್ನೂ ಪಕ್ಕಪಕ್ಕ ಇಟ್ಟು ನೋಡುವ ವಿದ್ಯಾರ್ಥಿಗೆ ಎರಡೂ ಹೊಸದಾಗಿ ಕಾಣುತ್ತವೆ. ವಿಶ್ವ ಇತಿಹಾಸದ ಪೇಪರ್ ಕೊಡಬೇಕಾದ್ದು ಈ ಅಭ್ಯಾಸವನ್ನು. ದಿನಾಂಕದ ಪಟ್ಟಿಯನ್ನಲ್ಲ.

ಹಾಗೆಯೇ, ಒಂದು ಪ್ರದೇಶದ ಕಾಗದಪತ್ರ ಆ ಪ್ರದೇಶದಲ್ಲೇ ಇರುತ್ತದೆ ಅಂದುಕೊಳ್ಳಬೇಡಿ. ಉತ್ತರ ಕನ್ನಡದ್ದೇ ತೆಗೆದುಕೊಳ್ಳಿ. 1862ರ ಹಿಂದಿನ ಸರ್ಕಾರಿ ಕಡತಕ್ಕೆ ಚೆನ್ನೈ ಕಡೆ ನೋಡಬೇಕು, ಆಮೇಲಿನದ್ದಕ್ಕೆ ಮುಂಬಯಿ ಕಡೆ. ಇನ್ನೂ ಹಿಂದೆ ಹೋದರೆ ಪೋರ್ಚುಗೀಸರ ದಾಖಲೆಗಳು. 12ನೇ ಶತಮಾನದ ಮಂಗಳೂರಿನ ಕಥೆ ಇದಕ್ಕಿಂತ ಸೊಗಸಾಗಿದೆ. ಅಬ್ರಹಾಂ ಬೆನ್ ಯಿಜು ಅನ್ನುವ ಯಹೂದಿ ವ್ಯಾಪಾರಿ ಅಲ್ಲಿ ವರ್ಷಗಟ್ಟಲೆ ನೆಲೆಸಿದ್ದ. ಮೆಣಸಿನ ವ್ಯಾಪಾರ ಮಾಡುತ್ತಿದ್ದ, ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆ ಇಟ್ಟಿದ್ದ. ಯೆಮನ್ನಿನ ಏಡನ್ ಬಂದರಿನ ಪಾಲುದಾರರ ಜೊತೆ ಅವನ ಪತ್ರವ್ಯವಹಾರ ಸಿಕ್ಕಿದ್ದು ಎಲ್ಲಿ ಗೊತ್ತೇ? ಹಳೆಯ ಕೈರೋದ ಒಂದು ಸಿನಗಾಗಿನ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದ, ಕೋಣೆಯಲ್ಲಿ. ದೇವರ ಹೆಸರಿರುವ ಕಾಗದವನ್ನು ಎಸೆಯಬಾರದು ಅಂತ ಯಹೂದಿಗಳು ಅಲ್ಲಿ ಶತಮಾನಗಳ ಕಾಲ ಕಾಗದ ತುಂಬಿಸಿಟ್ಟಿದ್ದರು. 19ನೇ ಶತಮಾನದ ಕೊನೆಗೆ ಅದರ ದೊಡ್ಡ ಪಾಲು ಕೇಂಬ್ರಿಜ್ ಸೇರಿತು. ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಎಸ್. ಡಿ. ಗೊಯಿಟೈನ್ ಎಂಬ ವಿದ್ವಾಂಸರು ದಶಕಗಟ್ಟಲೆ ಕೂತು ಇಂಥ ಪತ್ರಗಳನ್ನು ಓದಿದರು. ಬಾವಿಯೊಳಗೆ ಕೂತು ಮಾಡುವ ಕೆಲಸವಲ್ಲ ಇದು.

ಲಿಪಿಯ ಮಾತು ಬಂತು. ವಿದ್ಯಾರ್ಥಿಗಳು ತೀರಾ ಕಡೆಗಣಿಸುವುದು ಇದನ್ನೇ. ಟರ್ಕಿಯಲ್ಲಿ 1928ರಲ್ಲಿ ಅರಬ್ಬಿ ಲಿಪಿ ಬಿಟ್ಟು ಲ್ಯಾಟಿನ್ ಲಿಪಿ ತಂದರು. ಹಾಗಾಗಿ ಅಲ್ಲಿನ ಇತಿಹಾಸ ವಿದ್ಯಾರ್ಥಿ ತನ್ನದೇ ದೇಶದ ಹಳೆಯ ದಾಖಲೆ ಓದಲು ಲಿಪಿಯನ್ನು ಹೊಸದಾಗಿ ಕಲಿಯಬೇಕು. ನಮ್ಮಲ್ಲೂ ಕಥೆ ಬೇರೆಯಲ್ಲ. ಶಾಸನ ಬೇಕಿದ್ದರೆ ಹಳಗನ್ನಡ, ಹಳೆಯ ಲಿಪಿ. ಮರಾಠಾ ಆಡಳಿತದ ಕಾಗದಕ್ಕೆ ಮೋಡಿ ಲಿಪಿ. ಟಿಪ್ಪುವಿನ ಕಾಲಕ್ಕೆ ಪರ್ಷಿಯನ್ ಭಾಷೆ. ಇಂಗ್ಲಿಷ್ ಅನುವಾದ ಸಾಕು ಅಂತ ಹೊರಟವರು ಬೇರೆಯವರು ಆಯ್ದು ಕೊಟ್ಟಿದ್ದನ್ನೇ ಓದಬೇಕಾಗುತ್ತದೆ. ಯಾವುದನ್ನು ಬಿಟ್ಟಿದ್ದಾರೆ ಅಂತ ಅವರಿಗೆ ಗೊತ್ತೇ ಆಗುವುದಿಲ್ಲ.

ಪ್ರಾದೇಶಿಕ ಇತಿಹಾಸಕ್ಕೂ ಅದರದ್ದೇ ರೋಗಗಳಿವೆ. ಮೊದಲನೆಯದು ಅಭಿಮಾನ. ನಮ್ಮ ರಾಜ ದೊಡ್ಡವನು, ನಮ್ಮದೇ ಮೊದಲು ಅನ್ನುವ ಜಗಳಕ್ಕೆ ಕೊನೆಯಿಲ್ಲ. ಅದರಿಂದ ಹುಟ್ಟುವ ಪ್ರಬಂಧಗಳು ಓದಲು ಬೇಸರ ತರಿಸುತ್ತವೆ. ರಾಜವಂಶಗಳ ಪಟ್ಟಿ ಒಪ್ಪಿಸಿ ಸುಮ್ನೆ ಪುಟ ತುಂಬಿಸುವುದು ಇನ್ನೊಂದು. ಇದಕ್ಕೆ ಮದ್ದು ಹೋಲಿಕೆ. ಕೆನೆತ್ ಪೊಮೆರಾಂಝ್ ಎಂಬ ಇತಿಹಾಸಕಾರರು 2000ದಲ್ಲಿ ಮಂಡಿಸಿದ ವಾದವನ್ನು ಖಂಡಿತ ಓದಿ. ಯುರೋಪ್ ಯಾಕೆ ಮುಂದೆ ಹೋಯಿತು ಎಂದು ಕೇಳುವಾಗ ಇಡೀ ಚೀನಾದ ಜೊತೆ ಇಂಗ್ಲೆಂಡನ್ನು ಹೋಲಿಸುವುದು ಸರಿಯಲ್ಲ, ಯಾಂಗ್‌ಟ್ಸೆ ನದಿಯ ಮುಖಜ ಪ್ರದೇಶದ ಜೊತೆ ಹೋಲಿಸಿ ಅಂದರು. ಹಾಗೆ ನೋಡಿದರೆ 18ನೇ ಶತಮಾನದ ನಡುವಿನವರೆಗೂ ಎರಡೂ ಹೆಚ್ಚುಕಡಿಮೆ ಸಮ. ವ್ಯತ್ಯಾಸ ತಂದಿದ್ದು ಕೈಗೆ ಸುಲಭವಾಗಿ ಸಿಕ್ಕ ಕಲ್ಲಿದ್ದಲು ಮತ್ತು ಅಮೆರಿಕದ ವಸಾಹತುಗಳು ಅನ್ನುವುದು ಅವರ ವಾದ. ಒಪ್ಪದವರು ಬಹಳ ಜನ ಇದ್ದಾರೆ, ಅವರನ್ನೂ ಓದಿ. ಆದರೆ ವಿಶ್ವ ಇತಿಹಾಸದ ಇಷ್ಟು ದೊಡ್ಡ ಚರ್ಚೆ ಪ್ರದೇಶಗಳ ಹೋಲಿಕೆಯ ಮೇಲೆ ನಿಂತಿದೆ ಅನ್ನುವುದನ್ನು ಗಮನಿಸಿ.

ವಿಶ್ವ ಇತಿಹಾಸವನ್ನೇ ಆರಿಸಬೇಕಾದವರೂ ಇದ್ದಾರೆ. ಹವಾಮಾನ, ರೋಗ, ದೇಶದಿಂದ ದೇಶಕ್ಕೆ ಬೆಳ್ಳಿಯ ಹರಿವು, ವಲಸೆ ಇಂಥದ್ದರಲ್ಲಿ ಆಸಕ್ತಿ ಇದ್ದರೆ ಗಡಿಯೊಳಗೆ ಕೂತು ಓದಲು ಆಗುವುದಿಲ್ಲ. 1815ರಲ್ಲಿ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದಿದ್ದಕ್ಕೆ 1816ರಲ್ಲಿ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಇದನ್ನು ಯಾವ ಒಂದು ಪ್ರದೇಶದ ಕಡತದಲ್ಲಿ ಹುಡುಕುತ್ತೀರಿ? ಆದರೆ ಎಂ.ಎ. ಮಟ್ಟದಲ್ಲಿ ಬೇರೆಯವರ ಸಂಶೋಧನೆಯನ್ನೇ ಜಾಸ್ತಿ ನೆಚ್ಚಿಕೊಳ್ಳಬೇಕಾಗುತ್ತದೆ. ಅದಕ್ಕೆ ತಯಾರಿರಬೇಕು.

ಕೆಲಸದ ಬಗ್ಗೆಯೂ ಕೇಳಿದ್ದೀರಿ. ಸ್ಪರ್ಧಾತ್ಮಕ ಪರೀಕ್ಷೆಗೆ ಹೇಗೂ ಅದರದ್ದೇ ಸಿಲಬಸ್ ನೋಡಿ ಓದಬೇಕು, ಅದಕ್ಕಾಗಿ ಇಲ್ಲಿ ತಲೆ ಕೆಡಿಸಿಕೊಳ್ಳಬೇಡಿ.

ನನ್ನನ್ನು ಕೇಳಿದರೆ ಪ್ರಾದೇಶಿಕ ಇತಿಹಾಸವನ್ನು ವಿಶೇಷ ವಿಷಯವಾಗಿ ತೆಗೆದುಕೊಳ್ಳಿ, ಐಚ್ಛಿಕ ಪೇಪರುಗಳಲ್ಲಿ ಸಿಕ್ಕಷ್ಟು ಹೊರಗಿನದ್ದನ್ನು ಓದಿ. ಕಿರುಪ್ರಬಂಧಕ್ಕೆ ವಿಷಯ ಚಿಕ್ಕದಿರಲಿ: ಒಂದು ಬಂದರು, ಒಂದು ಬೆಳೆ, ಒಂದು ಹತ್ತು ವರ್ಷ. ಪ್ರಶ್ನೆ ಮಾತ್ರ ದೊಡ್ಡದಿರಲಿ. ಸೇರುವ ಮೊದಲೇ ವಿಭಾಗಕ್ಕೆ ಹೋಗಿ ಅಲ್ಲಿನ ಮೇಷ್ಟ್ರುಗಳಲ್ಲಿ ಯಾರಿಗೆ ಯಾವ ಲಿಪಿ ಬರುತ್ತದೆ, ಕಲಿಸುತ್ತಾರಾ ಅಂತ ವಿಚಾರಿಸಿ. ಯಾರಿಗೂ ಬರುವುದಿಲ್ಲ ಅಂದರೆ ಬೇರೆ ವಿಶ್ವವಿದ್ಯಾಲಯ ನೋಡುವುದೇ ಒಳ್ಳೆಯದು.